ಕಾಂಬೋಡಿಯಾದ ಹಳ್ಳಿ ಶಾಲೆಗೆ ಇಂಗ್ಲಿಷ್ ಕಲಿಸಲು ಹೋಗುವವರಿಗೆ

ಕಾಂಬೋಡಿಯಾಕ್ಕೆ ಹೋಗಿ ಒಂದಷ್ಟು ತಿಂಗಳು ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕು ಅನ್ನುವ ಆಸೆ ಇದ್ದರೆ, ವಿಮಾನದ ಟಿಕೆಟ್ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ವಾಪಸ್ ಬಂದ ಮೇಲೆ ಆ ಶಾಲೆಯಲ್ಲಿ ಏನು ಉಳಿಯಬೇಕು? ಯಾವ ಸಂಸ್ಥೆ, ಎಷ್ಟು ತಿಂಗಳು, ಏನು ಪಾಠ ಅನ್ನುವುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ. ಅಲ್ಲಿ ಸ್ವಯಂಸೇವಕರು ಬರುತ್ತಾರೆ, ಹೋಗುತ್ತಾರೆ. ಬಂದವರೆಲ್ಲ 'ವಾಟ್ ಈಸ್ ಯುವರ್ ನೇಮ್'ನಿಂದ ಶುರು ಮಾಡಿ, ಬಣ್ಣಗಳ ಹೆಸರು ಮುಗಿಯುವಷ್ಟರಲ್ಲಿ ಹೊರಟುಬಿಡುತ್ತಾರೆ, ಮುಂದಿನವರು ಬಂದು ಮತ್ತೆ ಅಲ್ಲಿಂದಲೇ ಶುರು ಮಾಡುತ್ತಾರೆ. ಮುಂದಿನ ವರ್ಷವೂ ಅಲ್ಲೇ ಇರುವ ಊರಿನ ಟೀಚರ್ ಮಾತ್ರ ಇದನ್ನೆಲ್ಲ ಮೂಲೆಯಲ್ಲಿ ನಿಂತು ನೋಡುತ್ತಿರುತ್ತಾರೆ. ಆ ಟೀಚರ್ ಜೊತೆ ನಿಂತು ಕಲಿಸಿ. ಅವರ ಜಾಗದಲ್ಲಿ ನಿಂತು ಕಲಿಸಬೇಡಿ. ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇದೇ.

ಎಲ್ಲಿಗೆ ಹೋಗಬಾರದು

ಅನಾಥಾಶ್ರಮಕ್ಕೆ ಬೇಡ. ಇದು ಕೇಳಲು ಒರಟು ಅನಿಸಬಹುದು. ಆದರೆ ಅಲ್ಲಿನ ಅನಾಥಾಶ್ರಮಗಳಲ್ಲಿ ಇರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಬಡತನ, ಓದಿಸುತ್ತೇವೆ ಅನ್ನುವ ಭರವಸೆ, ಜೊತೆಗೆ ಹಣ ಕೊಟ್ಟು ಬರುವ ವಿದೇಶಿಯರು, ಇವೆಲ್ಲ ಸೇರಿ ಆ ಮಕ್ಕಳನ್ನು ಮನೆಯಿಂದ ಹೊರಗೆ ತಂದಿವೆ. ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ 'ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲ' ಅಂತ ದೊಡ್ಡ ಪ್ರಚಾರವನ್ನೇ ಮಾಡಿತು. ಹಾಗಾಗಿ ಮಕ್ಕಳು ಸಂಜೆ ತಮ್ಮ ಮನೆಗೆ ಹೋಗುವ ಶಾಲೆಯನ್ನೇ ಆರಿಸಿ.

ಸಂಸ್ಥೆ ಒಳ್ಳೆಯದೋ ಅಲ್ಲವೋ ತಿಳಿಯಲು ಒಂದು ಸುಲಭ ದಾರಿ ಇದೆ. ಅವರು ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ಮಕ್ಕಳ ನಡುವೆ ಬಿಡುವ ಮೊದಲು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಬೇಕು, ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸಬೇಕು, ಕನಿಷ್ಠ ಇಷ್ಟು ತಿಂಗಳು ಇರಲೇಬೇಕು ಅಂತ ಹೇಳಬೇಕು. ಬರೀ ಶುಲ್ಕ ಎಷ್ಟು, ಯಾವ ತಾರೀಖಿಗೆ ಬರುತ್ತೀರಿ ಅಂತಷ್ಟೇ ಕೇಳಿದರೆ ಅಲ್ಲಿಗೆ ಕೈಬಿಡಿ. ಪೊಲೀಸ್ ಕ್ಲಿಯರೆನ್ಸನ್ನು ನಮ್ಮ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ, ಅರ್ಜಿ ಹಾಕಿ ಪಡೆಯಬಹುದು. ಶುಲ್ಕ ಕೇಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ, ಊಟ ವಸತಿಗೆ ಖರ್ಚಾಗುತ್ತದೆ. ಆದರೆ ಆ ದುಡ್ಡಿನಲ್ಲಿ ಊರಿನ ಟೀಚರ್ ಸಂಬಳಕ್ಕೆ ಎಷ್ಟು ಹೋಗುತ್ತದೆ ಅಂತ ನೇರವಾಗಿ ಕೇಳಿ.

ಇನ್ನೊಂದು ಎಚ್ಚರಿಕೆ, ಇದು ನಮ್ಮವರಿಗೆ ತುಂಬಾ ಮುಖ್ಯ. ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್ ಅಂತ ನಂಬಿಸಿ ಭಾರತದ ಯುವಕರನ್ನು ಕಾಂಬೋಡಿಯಾಕ್ಕೆ ಕರೆಸಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ವಂಚನೆ ಮಾಡಿಸಿದ ಪ್ರಕರಣಗಳು ಸಾಕಷ್ಟಿವೆ. 2024ರಲ್ಲಿ ನಮ್ಮ ರಾಯಭಾರ ಕಚೇರಿ ಇದರ ಬಗ್ಗೆ ಬಹಿರಂಗವಾಗಿ ಎಚ್ಚರಿಸಿತ್ತು. ಟೀಚರ್ ಕೆಲಸ ಅಂತ ಟೆಲಿಗ್ರಾಂನಲ್ಲಿ ಮೆಸೇಜ್ ಬಂದು, ಟಿಕೆಟ್ ನಾವೇ ಕೊಡುತ್ತೇವೆ ಅಂದರೆ ಮುಟ್ಟಲೇಬೇಡಿ. ಶಾಲೆಯ ವಿಳಾಸ ಕೇಳಿ, ವಿಡಿಯೊ ಕರೆಯಲ್ಲಿ ಅಲ್ಲಿನ ಟೀಚರ್ ಜೊತೆ ಮಾತಾಡಿ, ಹಿಂದೆ ಹೋಗಿ ಬಂದ ಇಬ್ಬರ ಜೊತೆಯಾದರೂ ಮಾತಾಡಿ. ಹೋದ ಮೇಲೆ ಪಾಸ್‌ಪೋರ್ಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ.

ವೀಸಾ

ಭಾರತೀಯರಿಗೆ ವೀಸಾ ಬೇಕು. ಟೂರಿಸ್ಟ್ ವೀಸಾ 30 ದಿನದ್ದು, ಒಂದು ಸಲ ಮಾತ್ರ ಮುಂದುವರಿಸಬಹುದು. ತಿಂಗಳುಗಟ್ಟಲೆ ಇರುವವರು 'ಇ' ಕ್ಲಾಸ್ ವೀಸಾದಲ್ಲಿ ಹೋಗಿ, ಅಲ್ಲಿ 3, 6 ಅಥವಾ 12 ತಿಂಗಳಿಗೆ ವಿಸ್ತರಣೆ ಮಾಡಿಸುತ್ತಾರೆ. ಇಲ್ಲೊಂದು ಗೊಂದಲ ಆಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ 'ಇ-ವೀಸಾ' ಅಂದರೆ ಅರ್ಜಿ ಹಾಕುವ ವಿಧಾನ, 'ಇ' ಕ್ಲಾಸ್ ಅಂದರೆ ವೀಸಾದ ಬಗೆ, ಅರ್ಜಿ ತುಂಬುವಾಗ ಯಾವ ಬಗೆ ಅಂತ ನೋಡಿಕೊಳ್ಳಿ. ಸಂಬಳ ಇಲ್ಲದಿದ್ದರೂ ಕೆಲಸ ಕೆಲಸವೇ, ಆದ್ದರಿಂದ ವರ್ಕ್ ಪರ್ಮಿಟ್ ಯಾರು ಮಾಡಿಸುತ್ತಾರೆ ಅಂತ ಸಂಸ್ಥೆಯಿಂದ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಅವಧಿ ಮೀರಿ ಉಳಿದರೆ ದಿನಕ್ಕೆ 10 ಡಾಲರ್ ದಂಡ.

ಹೊರಡುವ ಮೊದಲು ಊರಲ್ಲೇ ಅಭ್ಯಾಸ

ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ, 120 ಗಂಟೆಯ ಟೆಫಲ್ ಕೋರ್ಸ್ ಮಾಡಿಕೊಂಡರೆ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಅಂದರೆ ನಿಮ್ಮ ಊರಿನ ಸರ್ಕಾರಿ ಶಾಲೆಗೆ ಹೋಗಿ, ಹೆಡ್ ಮಾಸ್ಟರ ಅನುಮತಿ ಪಡೆದು, ಒಂದು ತಿಂಗಳು ನಾಲ್ಕನೇ ಐದನೇ ಕ್ಲಾಸಿಗೆ ಇಂಗ್ಲಿಷ್ ಪಾಠ ಮಾಡುವುದು. ಆ ತಿಂಗಳು ಕನ್ನಡವನ್ನು ಆದಷ್ಟು ಕಡಿಮೆ ಬಳಸಿ. ಚಿತ್ರ ಬರೆದು, ನಟಿಸಿ, ವಸ್ತು ತೋರಿಸಿ ಪಾಠ ಮಾಡುವ ಕಷ್ಟ ಇಲ್ಲೇ ಗೊತ್ತಾಗಲಿ, ಯಾಕಂದರೆ ಅಲ್ಲಿನ ಭಾಷೆ ಖ್ಮೇರ್ ಬರದ ನಿಮಗೆ ಬೇರೆ ದಾರಿ ಇರುವುದಿಲ್ಲ. ನಮ್ಮ ಇಂಗ್ಲಿಷ್ ಉಚ್ಚಾರ ಸರಿ ಇದೆಯೋ ಇಲ್ಲವೋ ಅಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಇಂಗ್ಲಿಷನ್ನು ಎರಡನೆಯದೋ ಮೂರನೆಯದೋ ಭಾಷೆಯಾಗಿ ಕಲಿತವರಿಗೆ ಅದು ಎಲ್ಲಿ ತೊಡಕುತ್ತದೆ ಅಂತ ಗೊತ್ತಿರುತ್ತದೆ, ಅದು ದೊಡ್ಡ ಬಲ.

ಜೊತೆಗೆ ಖ್ಮೇರ್ ಲಿಪಿಯನ್ನು ಸ್ವಲ್ಪವಾದರೂ ಕಲಿತು ಹೋಗಿ. ಅದು ಪಲ್ಲವರ ಕಾಲದ ದಕ್ಷಿಣ ಭಾರತದ ಲಿಪಿಯಿಂದ ಬೆಳೆದದ್ದು. 33 ವ್ಯಂಜನಗಳು ಕ, ಖ, ಗ, ಘ ಅನ್ನುವ ನಮ್ಮ ಸಾಲಿನಲ್ಲೇ ನಿಲ್ಲುತ್ತವೆ, ಕೆಳಗೆ ಒತ್ತಕ್ಷರವೂ ಇದೆ. ಕನ್ನಡ ಓದುವವರಿಗೆ ಇದರ ರಚನೆ ಬೇಗ ಹಿಡಿಸುತ್ತದೆ. ಕಷ್ಟ ಇರುವುದು ಬೇರೆ ಕಡೆ: ಪದಗಳ ನಡುವೆ ಜಾಗ ಬಿಡುವುದಿಲ್ಲ, ಸ್ವರಗಳೂ ಜಾಸ್ತಿ. ಮಕ್ಕಳ ಹೆಸರು ಅವರ ಲಿಪಿಯಲ್ಲೇ ಓದಿ ಹಾಜರಿ ಕರೆದರೆ ಮೊದಲ ವಾರದಲ್ಲೇ ಕ್ಲಾಸು ನಿಮ್ಮ ಕಡೆ ತಿರುಗುತ್ತದೆ.

ಕ್ಲಾಸಿನಲ್ಲಿ

ಸರ್ಕಾರಿ ಶಾಲೆಗಳು ಸಾಮಾನ್ಯವಾಗಿ ಎರಡು ಪಾಳಿಯಲ್ಲಿ ನಡೆಯುತ್ತವೆ, ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು. ಸಿಯೆಮ್ ರೀಪ್ ಪಟ್ಟಣದ ಸುತ್ತಮುತ್ತಲ ಹಳ್ಳಿಗಳಲ್ಲಿ ಮಕ್ಕಳು ತಮ್ಮ ಪಾಳಿ ಇಲ್ಲದ ಹೊತ್ತಿನಲ್ಲಿ ಇಂಗ್ಲಿಷ್ ಕ್ಲಾಸಿಗೆ ಬರುತ್ತಾರೆ. ಹತ್ತಿರದ ಅಂಕೋರ್ ವಾಟ್ ದೇವಾಲಯ ನೋಡಲು ಬರುವ ಜನರಿಂದ ಅಲ್ಲಿ ಇಂಗ್ಲಿಷ್ ಬಂದವರಿಗೆ ಹೋಟೆಲ್, ಗೈಡ್ ಕೆಲಸ ಸಿಗುತ್ತದೆ, ಅದಕ್ಕೇ ಅಪ್ಪ ಅಮ್ಮಂದಿರು ಆಸೆಯಿಂದ ಕಳಿಸುತ್ತಾರೆ. ಈ ಆಸೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಪ್ರತಿ ಕ್ಲಾಸಿಗೂ ತಯಾರಿ ಮಾಡಿಕೊಂಡೇ ಹೋಗಿ.

ನಮ್ಮ ಮಕ್ಕಳು ಪದದ ಕೊನೆಗೆ ಸ್ವರ ಸೇರಿಸುತ್ತಾರೆ, ಬಸ್ಸು, ಕಾರು, ಬುಕ್ಕು ಅಂತ. ಖ್ಮೇರ್ ಮಕ್ಕಳು ಕೊನೆಯನ್ನು ನುಂಗುತ್ತಾರೆ. ಅವರ ಭಾಷೆಯಲ್ಲಿ ಪದದ ಕೊನೆಯ 'ಸ್' ಅನ್ನು 'ಹ್' ಥರ ಹೇಳುತ್ತಾರೆ, 'ಕ್', 'ತ್', 'ಪ್' ಬಾಯಲ್ಲೇ ನಿಲ್ಲುತ್ತವೆ. ಹಾಗಾಗಿ ರೈಸ್, ಹೌಸ್, ಫೈವ್ ಎಲ್ಲವೂ ಅರ್ಧಕ್ಕೇ ಮುಗಿಯುತ್ತವೆ. ಇದು ಬರೀ ಉಚ್ಚಾರದ ವಿಷಯ ಅಲ್ಲ. ಕೊನೆಯ 'ಸ್' ಹೋದರೆ ಬಹುವಚನ ಹೋಯಿತು, ಕೊನೆಯ 'ಡ್' ಹೋದರೆ ಭೂತಕಾಲ ಹೋಯಿತು. ಅವರ ಭಾಷೆಯಲ್ಲಿ ಪದದ ರೂಪ ಬದಲಿಸಿ ವಚನ, ಕಾಲ ತೋರಿಸುವ ಪದ್ಧತಿಯೂ ಇಲ್ಲ, ಅದರಿಂದ ಕಿವಿ ಅತ್ತ ಹೋಗುವುದೇ ಇಲ್ಲ.

ಇದಕ್ಕೆ ನನಗೆ ಚೆನ್ನಾಗಿ ಕೆಲಸ ಮಾಡಿದ ಉಪಾಯ ಹೇಳುತ್ತೇನೆ. ಆ ಪದದ ಮುಂದೆ ಸ್ವರದಿಂದ ಶುರುವಾಗುವ ಪದ ಇಡಿ. 'ರೈಸ್' ಒಂದೇ ಹೇಳಿಸಿದರೆ 'ಸ್' ಬರುವುದಿಲ್ಲ, 'ರೈಸ್ ಅಂಡ್ ಫಿಶ್' ಅಂದರೆ 'ರೈ-ಸಂಡ್-ಫಿಶ್' ಅಂತ ತಾನಾಗಿ ಬರುತ್ತದೆ, ಯಾಕಂದರೆ ಈಗ 'ಸ್' ಪದದ ಕೊನೆಯಲ್ಲಿಲ್ಲ, ಮುಂದಿನ ತುಂಡಿನ ಮೊದಲಿನಲ್ಲಿದೆ. ಅದು ರೂಢಿಯಾದ ಮೇಲೆ ನಿಧಾನವಾಗಿ 'ಅಂಡ್' ತೆಗೆಯಿರಿ. ಆಮೇಲೆ 'ಒನ್ ಕ್ಯಾಟ್, ಟೂ ಕ್ಯಾಟ್ಸ್' ಅಂತ ನೀವು ಹೇಳುತ್ತಾ ಹೋಗಿ, ಮಕ್ಕಳು ಕೇಳಿ ಒಂದು ಬೆರಳೋ ಎರಡು ಬೆರಳೋ ಎತ್ತಲಿ. ಬಾಯಿಗಿಂತ ಮೊದಲು ಕಿವಿ ಕಲಿಯಬೇಕು. ಇಡೀ ಕ್ಲಾಸು ಒಟ್ಟಿಗೆ ಹೇಳುವುದಕ್ಕೆ ಮಕ್ಕಳು ಹಿಂಜರಿಯುವುದಿಲ್ಲ, ಒಬ್ಬರನ್ನೇ ಎಬ್ಬಿಸಿದರೆ ಮುದುಡುತ್ತಾರೆ. ಮೊದಲು ಎಲ್ಲರೂ, ಆಮೇಲೆ ಸಾಲು ಸಾಲಾಗಿ, ಆಮೇಲೆ ಜೋಡಿ, ಕೊನೆಗೆ ಒಬ್ಬೊಬ್ಬರು.

ಪ್ರತಿ ಪಾಠವನ್ನೂ ಅಲ್ಲಿನ ಟೀಚರ್ ಜೊತೆ ಕೂತು ಹಿಂದಿನ ದಿನವೇ ಮಾತಾಡಿಕೊಳ್ಳಿ. ಅರ್ಧ ಅವರು ಮಾಡಲಿ, ಅರ್ಧ ನೀವು. ವ್ಯಾಕರಣವನ್ನು ಅವರು ಖ್ಮೇರ್‌ನಲ್ಲಿ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ, ನೀವು ನಟಿಸಿ ಅರ್ಧ ಗಂಟೆ ಕಳೆಯಬೇಕಾಗಿಲ್ಲ. ಮಕ್ಕಳ ಎದುರು ಟೀಚರ್ ಇಂಗ್ಲಿಷನ್ನು ತಿದ್ದಬೇಡಿ, ಅವರಿಗೆ ಆಸಕ್ತಿ ಇದ್ದರೆ ಕ್ಲಾಸ್ ಆದ ಮೇಲೆ ಇಬ್ಬರೂ ಕೂತು ಮಾತಾಡಿ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಅನ್ನುವ ಉಗ್ರ ಕಮ್ಯುನಿಸ್ಟ್ ಗುಂಪಿನ ಆಡಳಿತ ಶಾಲೆಗಳನ್ನು ಮುಚ್ಚಿತು, ಓದಿದವರನ್ನು, ಅದರಲ್ಲೂ ಟೀಚರ್‌ಗಳನ್ನು ಹುಡುಕಿ ಕೊಂದಿತು. ರಾಜಧಾನಿ ನೋಮ್ ಪೆನ್‌ನ ಆ ಆಡಳಿತದ ತುವೋಲ್ ಸ್ಲೆಂಗ್ ಸೆರೆಮನೆ ಮೊದಲು ಒಂದು ಹೈಸ್ಕೂಲಾಗಿತ್ತು. ಕಲಿಸುವವರೇ ಇಲ್ಲದ ಜಾಗದಿಂದ ಆ ದೇಶ ಮತ್ತೆ ಶಾಲೆ ಕಟ್ಟಿದೆ. ಅಲ್ಲಿನ ಟೀಚರ್ ಬಗ್ಗೆ ನಿಮ್ಮ ಗೌರವ ಈ ತಿಳುವಳಿಕೆಯಿಂದ ಬರಲಿ. ವಯಸ್ಸಾದವರ ಹತ್ತಿರ ಆ ಕಾಲದ ಕಥೆ ಕೇಳಲು ಮಾತ್ರ ಹೋಗಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಅಲ್ಲಿ ಬದುಕುವುದು

ಕೈ ಮುಗಿದು ನಮಸ್ಕರಿಸುವುದು, ಚಪ್ಪಲಿ ಹೊರಗೆ ಬಿಡುವುದು, ಹಿರಿಯರನ್ನು ಹೆಸರು ಹಿಡಿದು ಕರೆಯದಿರುವುದು ನಮಗೆ ಹೊಸದಲ್ಲ. ನಿಮಗಿಂತ ಸ್ವಲ್ಪ ದೊಡ್ಡವರಿಗೆ 'ಬಾಂಗ್' ಅನ್ನಿ, ಅಣ್ಣನಿಗೂ ಅದೇ, ಅಕ್ಕನಿಗೂ ಅದೇ. ನಿಮ್ಮನ್ನು ಮಕ್ಕಳು 'ಲೋಕ್ ಕ್ರೂ' ಅಥವಾ 'ನೇಕ್ ಕ್ರೂ' ಅನ್ನುತ್ತಾರೆ, ಮೇಷ್ಟ್ರು, ಮೇಡಂ ಇದ್ದ ಹಾಗೆ. ಪ್ರೀತಿಯಿಂದಲೂ ಯಾರ ತಲೆಯನ್ನೂ ಮುಟ್ಟಬೇಡಿ. ಶಾಲೆಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಸಸ್ಯಾಹಾರಿಗಳು ಗಮನಿಸಿ. ಬೌದ್ಧರ ದೇಶ ಅಂದ ಮಾತ್ರಕ್ಕೆ ಸಸ್ಯಾಹಾರ ಸುಲಭ ಅಲ್ಲ. ಅಲ್ಲಿ ಭಿಕ್ಷುಗಳೂ ಮಾಂಸ ತಿನ್ನುತ್ತಾರೆ, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಪ್ರಹೋಕ್ ಅನ್ನುವ ಹುಳಿ ಬರಿಸಿದ ಮೀನು ಬಹಳ ಅಡುಗೆಯಲ್ಲಿರುತ್ತದೆ. ಅನ್ನ ಎಲ್ಲ ಕಡೆ ಸಿಗುತ್ತದೆ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ, ಚಿಕ್ಕ ಒಲೆ ಇರುವ ಕೋಣೆ ಹಿಡಿಯಿರಿ. ಅಲ್ಲಿನ ಹಣವಾದ ರಿಯೆಲ್ ಮತ್ತು ಅಮೆರಿಕದ ಡಾಲರ್ ಎರಡೂ ನಡೆಯುತ್ತವೆ, ಒಂದು ಡಾಲರ್‌ಗೆ ಸುಮಾರು 4000 ರಿಯೆಲ್. ಸ್ವಲ್ಪ ಹರಿದ ಡಾಲರ್ ನೋಟನ್ನೂ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಮೇಯಿಂದ ಅಕ್ಟೋಬರ್‌ವರೆಗೆ ಮಳೆ, ಡೆಂಗಿ ಕಾಟ, ಸೊಳ್ಳೆ ಪರದೆ ಬೇಕೇ ಬೇಕು. ಥಾಯ್ಲೆಂಡ್ ಗಡಿಯ ಕಡೆ ಹೋದರೆ ನಡೆದಾಡುವ ದಾರಿ ಬಿಟ್ಟು ಹೊಲಕ್ಕೆ ಇಳಿಯಬೇಡಿ, ನೆಲಬಾಂಬ್‌ಗಳು ಇನ್ನೂ ಪೂರ್ತಿ ತೆಗೆದಾಗಿಲ್ಲ. ಏಪ್ರಿಲ್ ಮಧ್ಯದಲ್ಲಿ ಹೊಸ ವರ್ಷಕ್ಕೆ ಊರೆಲ್ಲ ರಜೆ, ಆ ವಾರ ಪಾಠ ಇಟ್ಟುಕೊಳ್ಳಬೇಡಿ.

ಮಕ್ಕಳ ಫೋಟೊ ಹಾಕುವ ಮುಂಚೆ ಯೋಚಿಸಿ. ನಮ್ಮ ಮಗುವಿನ ಮುಖ, ಹೆಸರು, ಶಾಲೆಯನ್ನು ಗುರುತಿಲ್ಲದ ವಿದೇಶಿಯೊಬ್ಬರು ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಒಪ್ಪುತ್ತೇವಾ? ಕಪ್ಪು ಹಲಗೆ, ಮಕ್ಕಳು ಬರೆದ ಚಿತ್ರ, ಶಾಲೆಯ ದಾರಿ ಹಾಕಿ, ಸಾಕು.

ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಇಂದು ಯಾವ ಪಾಠ, ಎಷ್ಟು ಮಕ್ಕಳು, ಯಾವುದು ಅರ್ಥವಾಗಲಿಲ್ಲ, ಮುಂದೆ ಏನು ಅಂತ ಪ್ರತಿದಿನ ನಾಲ್ಕು ಸಾಲು. ಕೊನೆಯ ಎರಡು ವಾರ ಟೀಚರ್ ಒಬ್ಬರೇ ಪಾಠ ಮಾಡಲಿ, ನೀವು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಕೇಳಿದರೆ ಮಾತ್ರ ಸಹಾಯ ಮಾಡಿ. ಹೊರಡುವ ದಿನಾಂಕವನ್ನು ಮಕ್ಕಳಿಗೆ ಮುಂಚೆಯೇ ಹೇಳಿ. ನೋಟ್‌ಬುಕ್ ಟೀಚರ್ ಕೈಗೆ ಕೊಟ್ಟು, ಅದರ ಪ್ರತಿಯನ್ನು ಸಂಸ್ಥೆಗೆ ಕಳಿಸಿ, ಮುಂದೆ ಬರುವ ಸ್ವಯಂಸೇವಕರಿಗೆ ಮೊದಲು ಅದನ್ನು ಓದಲು ಕೊಡಿ ಅಂತ ಬರೆಯಿರಿ.