ಮಳೆಗಾಲದ ಕೋಳಿಗೂಡಿಗೆ ಯಾವ ಹಾಸು?

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಮಗೆ ಅಷ್ಟಿಲ್ಲದಿದ್ದರೂ ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಬಟ್ಟೆಯನ್ನು ಒಲೆಯ ಮೇಲೆ ಹರವಿ ಒಣಗಿಸಬೇಕು, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಇಂಥ ಕಡೆ ಹಿತ್ತಲಲ್ಲಿ 12 ಕೋಳಿ ಸಾಕಿಕೊಂಡಿದ್ದೇನೆ.

ನನ್ನ ತಂಗಿಯನ್ನು ಕೊಟ್ಟಿರುವುದು ಚಳ್ಳಕೆರೆಗೆ. ಅಲ್ಲಿ ಶೇಂಗಾ ಸಿಪ್ಪೆಗೆ ಬರವಿಲ್ಲ. ಅವಳ ಕೋಳಿಗೂಡಿನಲ್ಲಿ ಅದನ್ನೇ ಹರವಿದ್ದಳು. ನೋಡಿದರೆ ಎಷ್ಟು ಚೆಂದ! ಹಗುರ, ಮೆತ್ತಗೆ, ಒಂದಿಷ್ಟೂ ವಾಸನೆ ಇಲ್ಲ. ಎರಡು ಚೀಲ ತುಂಬಿಸಿಕೊಂಡು ಬಂದೆ. ಜುಲೈನಲ್ಲಿ 14 ಮರಿ ಇದ್ದವು, ಅವುಗಳ ಕೆಳಗೆ ಹಾಕಿದೆ. ಹತ್ತು ದಿನ ಆಗಿರಬೇಕು, ಮರಿಗಳು ಕತ್ತು ಚಾಚಿ ಬಾಯಿ ತೆರೆದು ಉಸಿರು ಎಳೆಯತೊಡಗಿದವು. ಸದ್ದೂ ಇಲ್ಲ, ಕೆಮ್ಮೂ ಇಲ್ಲ. ಮೂರು ದಿನದಲ್ಲಿ 9 ಸತ್ತವು. ಪಶುವೈದ್ಯರು ಒಂದನ್ನು ಕೊಯ್ದು ತೋರಿಸಿದರು. ಶ್ವಾಸಕೋಶದ ತುಂಬ ಸಾಸಿವೆ ಗಾತ್ರದ ಹಳದಿ ಗಂಟುಗಳು. "ಇದು ಬೂಷ್ಟಿನ ಕಾಯಿಲೆ ಕಣಮ್ಮ, ಹಾಸಿನಿಂದ ಬಂದದ್ದು. ಬಂದ ಮೇಲೆ ಮದ್ದು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ" ಎಂದರು. ಮನೆಗೆ ಬಂದು ಸಿಪ್ಪೆಯನ್ನು ಕೈಯಲ್ಲಿ ಬಗೆದು ನೋಡಿದೆ. ಮೇಲೆ ಬೆಳ್ಳಗೆ, ಅಡಿಯಲ್ಲಿ ಹಸಿರು ಪುಡಿ.

ತಂಗಿಯ ಕೋಳಿಗಳಿಗೆ ಏನೂ ಆಗಲಿಲ್ಲ. ಅವಳ ಊರಲ್ಲಿ ಬಿದ್ದ ನೀರು ಮಧ್ಯಾಹ್ನದೊಳಗೆ ಆರಿಹೋಗುತ್ತದೆ. ಅದಕ್ಕೇ ಈಗ ಯಾರಾದರೂ "ಯಾವ ಹಾಸು ಒಳ್ಳೇದು" ಎಂದು ಕೇಳಿದರೆ, "ನಿಮ್ಮ ಊರು ಯಾವುದು" ಎಂದು ನಾನು ಮೊದಲು ಕೇಳುತ್ತೇನೆ. ಆಮೇಲೆ ಮೂರು ವಿಷಯ ನೋಡಬೇಕು. ಒದ್ದೆಯಾದರೆ ಎಷ್ಟು ಬೇಗ ಒಣಗುತ್ತದೆ? ಕೆದಕಿದರೆ ಎಷ್ಟು ಧೂಳು ಏಳುತ್ತದೆ? ನಮ್ಮ ಕೈಗೆ ಬರುವ ಮೊದಲು ಅದಕ್ಕೆ ಏನು ಸೇರಿದೆ? ಮೆತ್ತಗಿದೆಯೋ ಇಲ್ಲವೋ ಎಂಬುದನ್ನು ಕೊನೆಗೆ ನೋಡಿದರೆ ಸಾಕು.

ಮಲೆನಾಡಿಗೆ, ಕರಾವಳಿಗೆ ನನ್ನ ಓಟು ಉಮಿಗೇ. ಭತ್ತದ ಹೊಟ್ಟು ಅಂತಲೂ ಅನ್ನುತ್ತಾರೆ. ಅದು ನೀರನ್ನು ಜಾಸ್ತಿ ಹೀರುವುದಿಲ್ಲ, ಆದರೆ ಕೆದಕಿ ಬಿಟ್ಟರೆ ಗಾಳಿಗೇ ಒಣಗುತ್ತದೆ. ಸಿಲಿಕಾ ಜಾಸ್ತಿ ಇರುವುದರಿಂದ ಬೇಗ ಕೊಳೆಯುವುದೂ ಇಲ್ಲ. ಆದರೆ ಎಲ್ಲ ಮಿಲ್ಲಿನ ಉಮಿಯೂ ಒಂದೇ ಅಲ್ಲ. ಹಳೆಯ ಹಲ್ಲರ್ ಮಿಲ್ಲಿನಲ್ಲಿ ಉಮಿಯೂ ತೌಡೂ ಒಟ್ಟಿಗೆ ಪುಡಿಯಾಗಿ ಬರುತ್ತವೆ. ತೌಡಿನಲ್ಲಿ ಎಣ್ಣೆ ಇದೆ. ಹುಳ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ, ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ರಬ್ಬರ್ ರೋಲರ್ ಇರುವ ಮಿಲ್ಲಿನಲ್ಲಿ ಉಮಿ ದೋಣಿಯಾಕಾರದಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಅದೇ ಬೇಕು. ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ ನೋಡಿ. ಕೈಗೆ ಹಿಟ್ಟು ಮೆತ್ತಿಕೊಂಡರೆ ಅದು ತೌಡು ಸೇರಿದ ಮಾಲು. ಚೀಲದ ಬಾಯಿಯ ಉಮಿ ನೋಡಿ ತೃಪ್ತಿಪಡಬೇಡಿ. ಕೈಯನ್ನು ಮೊಳಕೈವರೆಗೆ ಒಳಗೆ ಇಳಿಸಿ. ಒಳಗೆ ಬಿಸಿ ತಗುಲಿದರೆ ಅಥವಾ ಮುಗ್ಗಲು ವಾಸನೆ ಬಂದರೆ ಅಲ್ಲೇ ಬಿಟ್ಟು ಬನ್ನಿ, ಸುಮ್ನೆ ಕೊಟ್ಟರೂ ಬೇಡ. ನಾನು ವರ್ಷಕ್ಕೆ ಬೇಕಾದಷ್ಟನ್ನು ಏಪ್ರಿಲ್‌ನಲ್ಲೇ ತಂದು, ಎರಡು ದಿನ ಅಂಗಳದಲ್ಲಿ ಒಣಗಿಸಿ, ಅಟ್ಟದ ಮೇಲೆ ಇಟ್ಟುಬಿಡುತ್ತೇನೆ.

ಉಮಿ ಹೀರದ ನೀರಿಗೆ ಮರದ ಚಕ್ಕೆ ಬೇಕು. ಬಡಗಿ ಕೀಸುಳಿ ಹಾಕಿದಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅದು. ಎರಡು ಪಾಲು ಉಮಿಗೆ ಒಂದು ಪಾಲು ಚಕ್ಕೆ. ಇಲ್ಲಿ ಮಾತ್ರ ಸ್ವಲ್ಪ ಬಾಯಿ ಬಿಟ್ಟು ಕೇಳಬೇಕು. ಯಾವ ಮರ? ಗೆದ್ದಲು ಔಷಧಿ ಹೊಡೆದದ್ದಾ? ಪ್ಲೈವುಡ್ಡೂ ಇದರಲ್ಲೇ ಕೊಯ್ದಿದ್ದೀರಾ? ಪ್ಲೈವುಡ್, ಎಂಡಿಎಫ್ ಹಲಗೆಗಳ ಪುಡಿಯಲ್ಲಿ ಅಂಟು ಇರುತ್ತದೆ, ಹಳೇ ಬಾಗಿಲಿನ ಪುಡಿಯಲ್ಲಿ ಬಣ್ಣ, ಪಾಲಿಶು ಇರುತ್ತದೆ. ಒಮ್ಮೆ ಒಂದು ಪೀಠೋಪಕರಣದ ಅಂಗಡಿಯಿಂದ ತಂದ ಚೀಲದಲ್ಲಿ ಮೇಲೆ ಹಲಸಿನ ಚಕ್ಕೆ, ಅಡಿಯಲ್ಲಿ ಪ್ಲೈವುಡ್ ಪುಡಿ ಸಿಕ್ಕಿತು. ಈಗ ಚೀಲ ಅಲ್ಲೇ ಬೋರಲು ಹಾಕಿಸುತ್ತೇನೆ. ಅವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಇನ್ನು ಗರಗಸದ ಮಿಲ್ಲಿನ ಸಣ್ಣ ಹೊಟ್ಟು ನನಗೆ ಬೇಡವೇ ಬೇಡ. ಹಸಿ ದಿಮ್ಮಿ ಕೊಯ್ದ ಹೊಟ್ಟು ಒದ್ದೆ ಇರುತ್ತದೆ, ಒಣಗಿದರೆ ಧೂಳಾಗುತ್ತದೆ, ಮರಿಗಳು ಅದನ್ನೇ ತಿಂದು ಕತ್ತಿನ ಬುಡದ ಮೇವಿನ ಚೀಲ ಕಟ್ಟಿಕೊಳ್ಳುತ್ತವೆ.

ನಮ್ಮ ಅತ್ತೆಗೆ ಇದೆಲ್ಲ ದಂಡದ ಖರ್ಚು. "ಕೊಟ್ಟಿಗೆಗೆ ಹಾಕೋ ಸೊಪ್ಪನ್ನೇ ಒಂದು ಹಿಡಿ ಒಡ್ಡಿಗೂ ಹಾಕಿದ್ರಾಯ್ತಪ್ಪ" ಎನ್ನುತ್ತಾರೆ. ಒಡ್ಡಿ ಅಂದರೆ ಕೋಳಿಗೂಡು. ಕೊಟ್ಟಿಗೆಗೆ ಹಸಿ ಸೊಪ್ಪು ಸರಿ. ಅದು ಗಂಜಲ ಸೇರಿ ಕೊಳೆಯಬೇಕು, ಗೊಬ್ಬರ ಆಗಬೇಕು, ದಿನಾ ಹೊಸದು ಬೀಳುತ್ತಿರುತ್ತದೆ. ಕೋಳಿ ಅದರ ಮೇಲೆ ತಿಂಗಳುಗಟ್ಟಲೆ ಬದುಕಬೇಕು, ಅಲ್ವಾ? ಹಸಿ ಸೊಪ್ಪು ಎರಡೇ ದಿನಕ್ಕೆ ಚಾಪೆಯ ಹಾಗೆ ಅಂಟಿಕೊಳ್ಳುತ್ತದೆ. ದರಗು, ಅಂದರೆ ಉದುರಿದ ಒಣ ಎಲೆ, ಬೇಸಿಗೆಯಲ್ಲಿ ಪರವಾಗಿಲ್ಲ, ಕೋಳಿಗಳಿಗೆ ಕೆದಕಲು ಇಷ್ಟ. ಆದರೆ ಅಡಿಕೆ ತೋಟದ ನೆಲದಿಂದ ಗುಡಿಸಿ ತರಬೇಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ. ಅದರಲ್ಲಿ ಮೈಲುತುತ್ತ ಇದೆ, ಎಲೆಗೆಲ್ಲ ನೀಲಿ ಕಲೆ ಕೂತಿರುತ್ತದೆ. ಅಡಿಕೆ ಸಿಪ್ಪೆ ರಾಶಿ ರಾಶಿ ಬಿದ್ದಿದೆ ಎಂದು ಆಸೆ ಪಡುವವರಿದ್ದಾರೆ. ರಾಶಿಯ ಒಳಗೆ ಕೈ ಹಾಕಿದರೆ ಬೂಷ್ಟು ಸಿಗುತ್ತದೆ. ಒಲೆಗೆ ಹಾಕಿ, ಕೋಳಿಗೆ ಬೇಡ. ಕಾಫಿ ಹಣ್ಣಿನ ಸಿಪ್ಪೆಯೂ ಅಷ್ಟೇ, ಅದರಲ್ಲಿ ಕೆಫೀನ್ ಬೇರೆ ಇರುತ್ತದೆ.

ತೆಂಗಿನ ನಾರಿನ ಪುಡಿ ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ತಿಪಟೂರು ಕಡೆಯ ಒಣ ಹವೆಗೆ ಆದೀತು. ನಾನು ಒದ್ದೆಯಾದ ಮೂಲೆಗೆ ಒಂದು ಬೊಗಸೆ ಹಾಕಿ, ನೆಂದ ಮೇಲೆ ಎತ್ತಿ ಬಿಸಾಡಲು ಮಾತ್ರ ಇಟ್ಟುಕೊಂಡಿದ್ದೇನೆ. ಮರಳು ನಮ್ಮಲ್ಲಿ ಥಂಡಿ. ಬೈಹುಲ್ಲು ಮೊಟ್ಟೆ ಬುಟ್ಟಿಗೆ ಬೇಕೇ ಬೇಕು, ನೆಲಕ್ಕೆ ಹಾಕಿದರೆ ಹಿಕ್ಕೆ ಸೇರಿ ಹೆಣೆದುಕೊಳ್ಳುತ್ತದೆ.

ಈಗ ಹಾಸುವ ಕ್ರಮ. ನನ್ನ ಗೂಡು 6 ಅಡಿಗೆ 4 ಅಡಿ, ಇಟ್ಟಿಗೆ ನೆಲ, ಅಂಗಳಕ್ಕಿಂತ ಒಂದು ಅಡಿ ಎತ್ತರ. ಮೊದಲು ಹಳೆಯದನ್ನೆಲ್ಲ ಕೆರೆದು ತೆಗೆದು, ಬರಿ ನೆಲಕ್ಕೆ ಸುಣ್ಣ ಬಳಿದು, ಪೂರ್ತಿ ಒಣಗಲು ಬಿಡಬೇಕು. ಕೋಳಿಗಳು ಅಷ್ಟು ದಿನ ಹೊರಗೆ. ಹಳೇ ಹಾಸಿನ ಮೇಲೇ ಸುಣ್ಣ ಉದುರಿಸುವುದನ್ನು ನೋಡಿದ್ದೇನೆ. ಆಗ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಬೇಸಿಗೆಗೆ 2 ಇಂಚು ಹಾಸು ಸಾಕು, ಮಳೆಗಾಲಕ್ಕೆ 4 ಇಂಚು ಬೇಕು. 4 ಇಂಚಿಗೆ ನನ್ನ ಗೂಡಿಗೆ ಅಕ್ಕಿಯ ದೊಡ್ಡ ಚೀಲದಲ್ಲಿ ಮೂರು ಚೀಲ ಹಿಡಿಯುತ್ತದೆ. ನನ್ನ ಕೋಳಿಗಳಲ್ಲಿ ಐದು ಗಿರಿರಾಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹಿತ್ತಲಿಗೆಂದೇ ಬಿಡುಗಡೆ ಮಾಡಿದ ತಳಿ. ಮೈ ಭಾರ, ನಾಟಿ ಕೋಳಿಯ ಹಾಗೆ ಮೇಲಿನ ಅಡ್ಡಗೋಲಿಗೆ ಹಾರಿ ಕೂರುವುದಿಲ್ಲ, ರಾತ್ರಿಯೆಲ್ಲ ನೆಲದಲ್ಲೇ ಮಲಗುತ್ತವೆ. ಅವುಗಳ ಎದೆ, ಪಾದ ಹಾಸಿಗೇ ಒತ್ತಿಕೊಂಡಿರುತ್ತವೆ. ಒದ್ದೆ ಹಾಸು ಎಂದರೆ ಪಾದದಲ್ಲಿ ಹುಣ್ಣು ಗ್ಯಾರಂಟಿ.

ಅಡ್ಡಗೋಲಿನ ಕೆಳಗೆ ನಾನು ಉಮಿ ಹಾಕುವುದಿಲ್ಲ, ಅಡಿಕೆ ಹಾಳೆ ಬಿಡಿಸಿ ಹಾಸುತ್ತೇನೆ. ರಾತ್ರಿಯ ಹಿಕ್ಕೆಯೆಲ್ಲ ಅಲ್ಲೇ ಬೀಳುತ್ತದೆ. ಬೆಳಿಗ್ಗೆ ಹಾಳೆ ಎಳೆದು ಗೊಬ್ಬರಗುಂಡಿಗೆ ಕೊಡವಿದರೆ ಅರ್ಧ ಕೆಲಸ ಮುಗಿಯಿತು. ಇದು ನನ್ನದೇ ಉಪಾಯ, ಸ್ವಲ್ಪ ಹೆಮ್ಮೆಯೂ ಇದೆ.

ಮರಿಗಳಿಗೆ ಹಾಳೆ ಬೇಡ, ಜಾರುತ್ತದೆ. ನುಣುಪು ಪೇಪರೂ ಬೇಡ. ಜಾರಿ ಜಾರಿ ಕಾಲು ಅಗಲಿಸಿಕೊಂಡರೆ ಮತ್ತೆ ನೆಟ್ಟಗಾಗುವುದು ಕಷ್ಟ. ಗೋಣಿಯ ನೂಲು ಕಾಲಿಗೆ ಸುತ್ತಿಕೊಳ್ಳುತ್ತದೆ. ಉಮಿಯ ಮೇಲೆ ಒರಟು ರಟ್ಟು ಹಾಕಿ, ಮೊದಲ ಮೂರು ದಿನ ಮೇವನ್ನು ಅದರ ಮೇಲೇ ಹಾಕಿ. ಮೇವು ಯಾವುದು, ಉಮಿ ಯಾವುದು ಎಂದು ಅಷ್ಟರಲ್ಲಿ ಕಲಿಯುತ್ತವೆ. ಆಮೇಲೆ ರಟ್ಟು ತೆಗೆಯಿರಿ.

ದಿನದ ಪರೀಕ್ಷೆ ಎರಡೇ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕುಕ್ಕರುಗಾಲಲ್ಲಿ ಕೂತು ಕೋಳಿಯ ಎತ್ತರದಲ್ಲಿ ಉಸಿರೆಳೆಯಿರಿ. ನಿಂತರೆ ಗೊತ್ತಾಗುವುದಿಲ್ಲ. ಮೂಗು ಚುರ್ ಎಂದರೆ ಅವುಗಳ ಕಣ್ಣೂ ಶ್ವಾಸನಾಳವೂ ರಾತ್ರಿಯಿಡೀ ಅದನ್ನೇ ಅನುಭವಿಸಿವೆ. ಎರಡನೆಯದು, ಒಂದು ಹಿಡಿ ಹಾಸನ್ನು ಗಟ್ಟಿಯಾಗಿ ಹಿಂಡಿ ಕೈ ಬಿಡಿಸಿ. ಉಂಡೆಯಾಗಿ ಹಾಗೇ ನಿಂತರೆ ಒದ್ದೆ ಜಾಸ್ತಿ. ಉಂಡೆ ಕಟ್ಟಿ ಮೆಲ್ಲಗೆ ಬಿರಿದರೆ ಸರಿ ಇದೆ. ಉಂಡೆಯೇ ಕಟ್ಟದೆ ಧೂಳೆದ್ದರೆ ತೀರಾ ಒಣಗಿದೆ, ಅದಕ್ಕೆ ಸ್ವಲ್ಪ ನೀರು ಚಿಮುಕಿಸಬಹುದು. ನಮ್ಮಲ್ಲಿ ಆ ಭಾಗ್ಯ ಮಾರ್ಚ್‌ನಲ್ಲಿ ಮಾತ್ರ.

ಒದ್ದೆ ಕಂಡರೆ ನಾಳೆಗೆ ಬಿಡಬೇಡಿ. ಮರಿಗಳ ರಕ್ತಭೇದಿಯ ಜೀವಾಣು ಹಿಕ್ಕೆಯಲ್ಲಿ ಹೊರಬಿದ್ದಾಗ ಇನ್ನೂ ಬಲಿತಿರುವುದಿಲ್ಲ. ತೇವ, ಬೆಚ್ಚಗೆ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಆ ಎರಡು ದಿನದೊಳಗೆ ಒದ್ದೆ ಜಾಗವನ್ನು ಎತ್ತಿಬಿಡಬೇಕು. ಒದ್ದೆಯಾಗುವುದು ಹೆಚ್ಚಾಗಿ ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ವಾರಕ್ಕೆರಡು ಸಲ ಹಾಸನ್ನು ತಿರುವಿ ಹಾಕಬೇಕು. ನಾನು ಸಂಜೆ ಒಂದು ಹಿಡಿ ಭತ್ತ ಎರಚಿಬಿಡುತ್ತೇನೆ, ಉಳಿದದ್ದನ್ನು ಅವೇ ಮಾಡುತ್ತವೆ. ನೀವೇ ತಿರುವುವುದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಕಾವಿಗೆ ಕೂರಿಸುವ ಬುಟ್ಟಿ ಮಾತ್ರ ಅತ್ತೆಯ ಇಲಾಖೆ. ತಳಕ್ಕೆ ಒಲೆಯ ತಣ್ಣನೆ ಬೂದಿ, ಮೇಲೆ ಒಣ ಬೈಹುಲ್ಲು, ನಡುವೆ ನಾಲ್ಕು ಲಕ್ಕಿ ಸೊಪ್ಪು. ಬೂದಿ ಇದ್ದರೆ ಹೇನು ಕಡಿಮೆ, ಅದನ್ನು ನಾನೂ ಒಪ್ಪುತ್ತೇನೆ. ಪಕ್ಕದಲ್ಲಿ ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ, ಒಂದು ಒಣಮೆಣಸಿನಕಾಯಿ ಇಡುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದಂತೆ. ಆ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ.

ತೆಗೆದ ಹಳೇ ಹಾಸನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬೇಡಿ. ಹಸಿ ಕೋಳಿ ಗೊಬ್ಬರ ಬೇರು ಸುಡುತ್ತದೆ. ಸೆಗಣಿ, ದರಗಿನ ಜೊತೆ ಗುಂಡಿಯಲ್ಲಿ ಆರು ತಿಂಗಳು ಬಿಡಿ. ಉಮಿ ಕರಗಲು ಇನ್ನೂ ಜಾಸ್ತಿ ಸಮಯ ಬೇಡುತ್ತದೆ, ಅದು ಹಾಗೇ ಕಂಡರೂ ಚಿಂತೆಯಿಲ್ಲ. ನಮ್ಮದನ್ನು ಮೊನ್ನೆ ಬಿಚ್ಚಿ ಕರಿಮೆಣಸಿನ ಬುಡಕ್ಕೆ ಹಾಕಿದೆವು. ಗೂಡಿನ ಬಾಗಿಲು ಹಾಕಲು ಮರೆತಿದ್ದೆ. ಊಟ ಮಾಡಿ ಬರುವಷ್ಟರಲ್ಲಿ ಹನ್ನೆರಡೂ ಅಲ್ಲಿದ್ದವು, ಅರ್ಧ ಗೊಬ್ಬರ ದಾರಿಯಲ್ಲಿತ್ತು.