ಕೆರಿಯ ಸಲ್ಲಿವನ್ನರಲ್ಲಿ ನಮ್ಮವರು ಯಾರು?

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿರುವುದು ಕೆರಿ ಕೌಂಟಿ. ಅಲ್ಲಿನ ಕಾಹರ್‌ಸಿವೀನ್ ಪಟ್ಟಣದಿಂದಾಚೆ ಎಲ್ಲೋ ತಮ್ಮ ಅಜ್ಜ ಡೇನಿಯಲ್ ಸಲ್ಲಿವನ್, ಅಜ್ಜಿ ಜೊಹಾನಾ ಒಕ್ಕಲುತನ ಮಾಡಿಕೊಂಡಿದ್ದರು ಎನ್ನುವುದಷ್ಟೇ ನಮ್ಮ ಅತ್ತೆಯವರಿಗೆ ಗೊತ್ತಿತ್ತು. ಕೆರಿಯಲ್ಲಿ ಸಲ್ಲಿವನ್ನರನ್ನು ಹುಡುಕುವುದೆಂದರೆ ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪಾಟೀಲರ ಮನೆ ಎಲ್ಲಿ ಅಂತ ಕೇಳಿದ ಹಾಗೆ. ಸಾಲದ್ದಕ್ಕೆ, ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಸಿದ ನಾಯಕ ಡೇನಿಯಲ್ ಓಕಾನೆಲ್ 1775ರಲ್ಲಿ ಹುಟ್ಟಿದ್ದು ಆ ಪಟ್ಟಣದ ಮಗ್ಗುಲಲ್ಲೇ. ಆ ಸೀಮೆಯಲ್ಲಿ ಡೇನಿಯಲ್‌ಗಳಿಗೆ ಬರವಿಲ್ಲ.

ನನ್ನ ತವರು ಬಾಗಲಕೋಟೆ ಕಡೆ. ಮದುವೆಯಾಗಿ ಡಬ್ಲಿನ್‌ನಲ್ಲಿ ನೆಲೆಸಿದ್ದೇನೆ. ನಮ್ಮ ಮನೆಗೆ ಹೆಳವ ಬಂದು ಬಾಗಿಲಲ್ಲಿ ನಿಂತು ಹಿರಿಯರ ಹೆಸರು ಒಂದೊಂದಾಗಿ ಓದುತ್ತಿದ್ದ. ಅಪ್ಪ ಕಾಳು, ದುಡ್ಡು ಕೊಟ್ಟು ಹೊಸದಾಗಿ ಹುಟ್ಟಿದವರ ಹೆಸರು ಬರೆಸುತ್ತಿದ್ದರು. ನನ್ನ ತವರಿನ ತಲೆಮಾರುಗಳೆಲ್ಲ ಹಾಗೆ ಉಳಿದಿರುವಾಗ, ನನ್ನ ಮಕ್ಕಳ ಅಜ್ಜಿಯ ಮನೆತನ ಎರಡು ಹೆಸರಿಗೇ ನಿಂತುಹೋಗಬಾರದು ಅನ್ನಿಸಿ ಈ ಕೆಲಸಕ್ಕೆ ಕೈಹಾಕಿದೆ.

ಐರಿಷ್ ಮನೆತನ ಹುಡುಕುವವರು ಮೊದಲು ಎದುರಿಸಬೇಕಾದದ್ದು 1922ರ ಬೆಂಕಿಯನ್ನು. ಅಂತರ್ಯುದ್ಧದಲ್ಲಿ, ಜೂನ್ 30ರಂದು, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆಗಳ ಮನೆ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಅಲ್ಲೇ ಬೂದಿಯಾಯಿತು. 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಮಾಡಿಸಿತ್ತು. ಪ್ರಾಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡಿನ ಜ್ಞಾನಸ್ನಾನ, ಮದುವೆಗಳ ಅರ್ಧಕ್ಕಿಂತ ಹೆಚ್ಚು ರಿಜಿಸ್ಟರ್‌ಗಳೂ ಹೋದವು. ಕ್ಯಾಥೊಲಿಕ್ ರಿಜಿಸ್ಟರ್‌ಗಳು ಉಳಿದದ್ದು ಅವು ರಾಜಧಾನಿಗೆ ಬಾರದೆ, ಪಾದ್ರಿಯೊಬ್ಬನ ಉಸ್ತುವಾರಿಯ ಸೀಮೆಯಾದ ಆಯಾ ಪ್ಯಾರಿಷ್‌ನ ಪಾದ್ರಿಯ ಬಳಿಯೇ ಇದ್ದುದರಿಂದ. ಅವನ್ನು ನೆನೆದಾಗಲೆಲ್ಲ ಆ ಪಾದ್ರಿಗಳಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ನಾನು ಈಚಿನ ಕಾಲದಿಂದ ಹಿಂದಕ್ಕೆ ಹೊರಟೆ. ಪೂರ್ತಿಯಾಗಿ ಉಳಿದಿರುವ ಹಳೆಯ ಜನಗಣತಿ 1901 ಮತ್ತು 1911ರವು. ರಾಷ್ಟ್ರೀಯ ದಾಖಲಾಗಾರದ ತಾಣದಲ್ಲಿ ಉಚಿತ. ಗಂಡ ಡೇನಿಯಲ್, ಹೆಂಡತಿ ಜೊಹಾನಾ, ಮಕ್ಕಳಲ್ಲಿ ಅತ್ತೆಯವರ ತಾಯಿಯ ಹೆಸರು, ಈ ಮೂರೂ ಕೂಡಿಬಂದ ಮನೆ ಸಿಕ್ಕಿತು. ಅದರ ಜೊತೆಗೆ ಸಿಕ್ಕಿದ್ದು ಟೌನ್‌ಲ್ಯಾಂಡಿನ ಹೆಸರು. ಇದು ಅಲ್ಲಿನ ಅತಿ ಚಿಕ್ಕ ಭೂವಿಭಾಗ; ಐರ್ಲೆಂಡ್ ಇಂಥ ಅರವತ್ತು ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಹಂಚಿಹೋಗಿದೆ. ಕೆಲವದರಲ್ಲಿ ನಾಲ್ಕೈದು ಮನೆ, ಕೆಲವದರಲ್ಲಿ ಮೂವತ್ತು. ನನ್ನ ಅನುಭವದಲ್ಲಿ ಇಡೀ ಹುಡುಕಾಟದ ಬೀಗದಕೈ ಇದೇ. ಹೆಸರು ನೂರು ಜನರದ್ದಿರುತ್ತದೆ. ಹೆಸರಿನ ಜೊತೆ ಟೌನ್‌ಲ್ಯಾಂಡ್ ಕೂಡಿದರೆ ಒಬ್ಬಿಬ್ಬರೇ ಉಳಿಯುತ್ತಾರೆ. ನಮ್ಮದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಅಲ್ಲಿ ಇಂದಿಗೂ ಜನ ಇದ್ದಾರೆ.

ಜನಗಣತಿಯಲ್ಲಿ ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ ನಲವತ್ತು ಅಂದವರು 1911ರಲ್ಲಿ ಐವತ್ತೈದು ಎನ್ನುತ್ತಾರೆ. 1909ರಿಂದ ಎಪ್ಪತ್ತು ತುಂಬಿದವರಿಗೆ ಪಿಂಚಣಿ ಬರತೊಡಗಿತು; ಆಮೇಲೆ ಊರೂರಲ್ಲಿ ವಯಸ್ಸು ಬೇಗ ಬೇಗ ಏರಿತು.

ಡೇನಿಯಲ್‌ನ ಮದುವೆಯ ಸರ್ಕಾರಿ ದಾಖಲೆಯಲ್ಲಿ ತಂದೆ ಮೈಕೆಲ್, ರೈತ, ಎಂದಿತ್ತು. ತಾಯಿಯ ಹೆಸರನ್ನು ಆ ನಮೂನೆ ಕೇಳುವುದೇ ಇಲ್ಲ. ಹುಟ್ಟಿನ ಸರ್ಕಾರಿ ನೋಂದಣಿ ಶುರುವಾದದ್ದು 1864ರಲ್ಲಿ, ಡೇನಿಯಲ್ ಹುಟ್ಟಿದ್ದು ಅದಕ್ಕಿಂತ ಮೊದಲು. ಹಾಗಾಗಿ ಪ್ಯಾರಿಷ್ ರಿಜಿಸ್ಟರಿಗೇ ಹೋಗಬೇಕಾಯಿತು. ರಾಷ್ಟ್ರೀಯ ಗ್ರಂಥಾಲಯ 2015ರ ಜುಲೈನಲ್ಲಿ ಸಾವಿರಕ್ಕೂ ಹೆಚ್ಚು ಪ್ಯಾರಿಷ್‌ಗಳ ಪುಟಗಳನ್ನು ಚಿತ್ರವಾಗಿ ತೆರೆದಿಟ್ಟಿದೆ, ಸುಮಾರು 1880ರವರೆಗೆ. ಕೆರಿಯವರಿಗೆ ಇನ್ನೊಂದು ಅನುಕೂಲ: ಸರ್ಕಾರದ ಐರಿಷ್ ಜೀನಿಯಾಲಜಿ ತಾಣದಲ್ಲಿ ಈ ಕೌಂಟಿಯ ಚರ್ಚ್ ದಾಖಲೆಗಳನ್ನು ಹೆಸರು ಹಾಕಿ ಹುಡುಕಬಹುದು. ಆದರೂ ಮೂಲ ಪುಟವನ್ನು ಕಣ್ಣಾರೆ ಓದಿ ಎಂದೇ ಹೇಳುತ್ತೇನೆ, ಶಾಯಿ ಕದಡಿದ ಕಡೆ ನಕಲು ಮಾಡಿದವರು ಏನೋ ಊಹಿಸಿರುತ್ತಾರೆ. ಎಷ್ಟೋ ಪಾದ್ರಿಗಳು ಬರೆದದ್ದು ಲ್ಯಾಟಿನ್‌ನಲ್ಲಿ: ಜೇಮ್ಸ್ ಅಲ್ಲಿ ಜಾಕೋಬಸ್, ಓವನ್ ಅಲ್ಲಿ ಯುಜೀನಿಯಸ್. ಗೋಬ್ನಟ್ ಎಂಬ ಕೆರಿಯ ಹೆಣ್ಣು ಹೆಸರು ಒಂದು ಕಡೆ ಅಬಿಗೇಲ್, ಇನ್ನೊಂದು ಕಡೆ ಡೆಬೊರಾ ಆಗಿರುತ್ತದೆ. ಓ ಅಕ್ಷರ ಅಡ್ಡಹೆಸರಿನ ಮುಂದೆ ಇದ್ದರೂ ಇಲ್ಲದಿದ್ದರೂ ಮನೆತನ ಅದೇ.

1860ರ ಸುಮಾರಿಗೆ ಅದೇ ಪ್ಯಾರಿಷ್‌ನಲ್ಲಿ ಮೈಕೆಲ್ ಸಲ್ಲಿವನ್‌ನ ಮಗ ಡೇನಿಯಲ್ ಇಬ್ಬರಿದ್ದರು. ಒಬ್ಬನ ತಾಯಿ ಕ್ಯಾಥರಿನ್ ಶೇ, ಇನ್ನೊಬ್ಬನ ತಾಯಿ ಮೇರಿ. ಇಲ್ಲಿ ನೆರವಾದದ್ದು ನಾಮಕರಣದ ಸಂಪ್ರದಾಯ. ಮೊದಲ ಗಂಡುಮಗುವಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ. ಮೊದಲ ಹೆಣ್ಣಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ಅಜ್ಜ ಅಜ್ಜಿಯರ ಹೆಸರು ಇಡುವ ಪದ್ಧತಿ ನಮ್ಮ ಕಡೆಯೂ ಇರುವುದರಿಂದ ಇದು ನನಗೆ ಬೇಗ ಹಿಡಿಯಿತು. ನಮ್ಮ ಡೇನಿಯಲ್‌ನ ಎರಡನೆಯ ಮಗಳು ಕ್ಯಾಥರಿನ್. ಇದು ಸುಳಿವು, ಸಾಕ್ಷಿಯಲ್ಲ. ಎಲ್ಲರೂ ಇದನ್ನು ಚಾಚೂ ತಪ್ಪದೆ ಪಾಲಿಸಿದವರಲ್ಲ.

ಸಾಕ್ಷಿ ಸಿಕ್ಕಿದ್ದು ಶಾಲೆಯಲ್ಲಿ. 1831ರಲ್ಲಿ ಶುರುವಾದ ನ್ಯಾಷನಲ್ ಸ್ಕೂಲ್‌ಗಳಲ್ಲಿ ದಾಖಲಾತಿ ರಿಜಿಸ್ಟರ್ ಇಡುತ್ತಿದ್ದರು. ಉಳಿದಿರುವುದು ಹೆಚ್ಚಾಗಿ 1860ರ ದಶಕದಿಂದ ಈಚೆಯವು. ಕೆಲವು ಡಬ್ಲಿನ್‌ನ ದಾಖಲಾಗಾರದಲ್ಲಿವೆ, ಉತ್ತರ ಐರ್ಲೆಂಡಿನವು ಬೆಲ್‌ಫಾಸ್ಟ್‌ನಲ್ಲಿವೆ, ಎಷ್ಟೋ ಇನ್ನೂ ಶಾಲೆಯ ಕಪಾಟಿನಲ್ಲೇ ಇವೆ. ನಮ್ಮದು ಕಪಾಟಿನದು. ಮೊದಲು ಕಾಗದ ಬರೆದು, ಯಾವ ವರ್ಷ, ಯಾವ ಟೌನ್‌ಲ್ಯಾಂಡ್ ಎಂದು ತಿಳಿಸಿ ಅನುಮತಿ ಕೇಳಿದೆ. ಮುಖ್ಯೋಪಾಧ್ಯಾಯಿನಿ ಸಂಜೆ ಮಕ್ಕಳು ಹೋದ ಮೇಲೆ ಬರಹೇಳಿದರು. ಪುಸ್ತಕವನ್ನು ಮೇಜಿನ ಮೇಲಿಟ್ಟು, "ನಮ್ಮ ಮುತ್ತಜ್ಜನೂ ಇದರಲ್ಲಿದ್ದಾರೆ, ನಿಧಾನವಾಗಿ ನೋಡಿ" ಅಂದರು.

ಹುಡುಗರಿಗೆ ಒಂದು ಪುಸ್ತಕ, ಹುಡುಗಿಯರಿಗೆ ಒಂದು. ಸೇರಿದ ದಿನ, ವಯಸ್ಸು, ಧರ್ಮ, ವಾಸ, ತಂದೆಯ ಕಸುಬು, ತರಗತಿ, ಆ ವರ್ಷ ಎಷ್ಟು ದಿನ ಬಂದ ಎಂಬ ಲೆಕ್ಕ. ಪ್ಯಾರಿಷ್ ರಿಜಿಸ್ಟರ್ ಹುಟ್ಟು, ಮದುವೆ ಎರಡನ್ನೇ ಹೇಳಿ ಸುಮ್ಮನಾಗುತ್ತದೆ; ನಡುವಿನ ಬಾಳು ಕಾಣುವುದು ಇಲ್ಲಿ. ನಮ್ಮ ಟೌನ್‌ಲ್ಯಾಂಡಿನ ಡೇನಿಯಲ್ ಆಲೂಗಡ್ಡೆ ನೆಡುವಾಗ, ಉರುವಲಿಗೆ ಪೀಟ್ ಕಡಿಯುವಾಗ ಶಾಲೆ ತಪ್ಪಿಸುತ್ತಿದ್ದವನೇ ಇರಬೇಕು, ಹಾಜರಿ ಅಷ್ಟು ಕಡಿಮೆ. ಆರರಿಂದ ಹದಿನಾಲ್ಕರ ಮಕ್ಕಳಿಗೆ ಹಾಜರಿ ಕಡ್ಡಾಯವಾಗಿಸಿದ ಕಾನೂನು ಬಂದದ್ದೇ 1892ರಲ್ಲಿ, ಅದೂ ಮೊದಲು ಪಟ್ಟಣಗಳಿಗೆ. ಮೇರಿಯ ಮಗ ಡೇನಿಯಲ್ ಬೇರೆ ಟೌನ್‌ಲ್ಯಾಂಡಿನವನಾಗಿ ಅದೇ ಪುಸ್ತಕದಲ್ಲಿದ್ದ. ತಂದೆಯ ಕಸುಬು ಮೀನುಗಾರಿಕೆ. ಅಲ್ಲಿಗೆ ಗೊಂದಲ ಬಗೆಹರಿಯಿತು. ಹುಡುಗಿಯರ ಪುಸ್ತಕದಲ್ಲಿ ನಮ್ಮವನ ತಂಗಿ ಹೊನೋರಾ ಇದ್ದಳು, ಅಂಚಿನಲ್ಲಿ ಮೇಷ್ಟರ ಕೈಬರಹ: ಅಮೆರಿಕ.

ಮೈಕೆಲ್ ಮತ್ತು ಕ್ಯಾಥರಿನ್ ಮದುವೆಯ ನಮೂದನ್ನು ಓದಿ ಅತ್ತೆಯವರಿಗೆ ವಿವರಿಸಿದ್ದು ನೆನಪಿದೆ. ಮೂರನೆಯ ಹಂತದ ರಕ್ತಸಂಬಂಧಕ್ಕೆ ವಿನಾಯಿತಿ ಪಡೆದು ಮದುವೆ ಎಂದು ಪಾದ್ರಿ ಲ್ಯಾಟಿನ್‌ನಲ್ಲಿ ಬರೆದಿದ್ದರು. ಅಂದರೆ ಇಬ್ಬರಿಗೂ ಒಬ್ಬನೇ ಮುತ್ತಜ್ಜ. ಅತ್ತೆಯವರಿಗೆ ಇರುಸುಮುರುಸಾಯಿತು. ನಮ್ಮ ಮನೆಯಲ್ಲಿ ಸೋದರತ್ತೆಯ ಮಗನನ್ನೇ ಮದುವೆಯಾದವರಿದ್ದಾರೆ ಎಂದು ಹೇಳಿ ಸಮಾಧಾನ ಮಾಡಿದೆ. ಹುಡುಕುವವರಿಗೆ ಆ ಒಂದು ಸಾಲು ದೊಡ್ಡ ಲಾಭ, ಎರಡು ಮನೆಗಳು ಹಿಂದೆ ಎಲ್ಲಿ ಕೂಡುತ್ತವೆ ಎಂದು ಅದೇ ತೋರಿಸುತ್ತದೆ.

ಹುಟ್ಟಿದ ದಿನ ಜ್ಞಾನಸ್ನಾನದ ದಿನಕ್ಕಿಂತ ತಡವಾಗಿ ಕಂಡರೆ ಗಾಬರಿಯಾಗಬೇಡಿ. ಸರ್ಕಾರಿ ನೋಂದಣಿ ತಡವಾದರೆ ದಂಡ ಇತ್ತು, ತಂದೆತಾಯಿಯರು ದಿನವನ್ನೇ ಮುಂದಕ್ಕೆ ಹಾಕಿ ಬರೆಸುತ್ತಿದ್ದರು. ಸಾಮಾನ್ಯವಾಗಿ ಪಾದ್ರಿಯ ದಿನಾಂಕವೇ ಸರಿ.

ಸುಟ್ಟುಹೋದ 1851ರ ಜನಗಣತಿಯ ಒಂದು ಚೂರೂ ನಮಗೆ ದಕ್ಕಿತು, ಪಿಂಚಣಿಯ ದೆಸೆಯಿಂದ. ವಯಸ್ಸಿಗೆ ಆಧಾರವಿಲ್ಲದ ಮುದುಕರ ಪರವಾಗಿ ಅಧಿಕಾರಿಗಳು 1841, 1851ರ ಪುಟಗಳಲ್ಲಿ ಆ ಮಗುವಿನ ಮನೆ ಹುಡುಕಿ ಕಂಡದ್ದನ್ನು ಬರೆದುಕೊಡುತ್ತಿದ್ದರು. ಪುಸ್ತಕ ಸುಟ್ಟವು, ಆ ಹುಡುಕಾಟದ ನಮೂನೆಗಳು ಉಳಿದವು. ಡೇನಿಯಲ್‌ನ ಹಿರಿಯಕ್ಕ ಪಿಂಚಣಿ ಕೇಳಿದ್ದಳು. ಆ ಹಾಳೆಯಲ್ಲಿ ಮೈಕೆಲ್, ಕ್ಯಾಥರಿನ್, ಐವೆರಾ ಬ್ಯಾರನಿ (ಕೌಂಟಿಯೊಳಗಿನ ಹಳೆಯ ವಿಭಾಗ), ನಮ್ಮ ಟೌನ್‌ಲ್ಯಾಂಡ್, ತೊಟ್ಟಿಲ ಕೂಸಾಗಿದ್ದ ಅವಳು, ಎಲ್ಲರೂ ಇದ್ದರು. 1845ರಲ್ಲಿ ಶುರುವಾದ ಐರ್ಲೆಂಡಿನ ಮಹಾಕ್ಷಾಮ ಇನ್ನೂ ಮುಗಿಯದ ಕಾಲದಲ್ಲಿ ಈ ಮನೆ ಒಲೆ ಆರದೆ ನಿಂತಿತ್ತು ಎಂದು ಆ ಹಾಳೆಯೇ ಹೇಳಿತು. ತೆರಿಗೆಗಾಗಿ ಆ ಕಾಲದಲ್ಲಿ ನಡೆದ ಗ್ರಿಫಿತ್ ಭೂಮೌಲ್ಯಮಾಪನದಲ್ಲೂ ಅದೇ ಮೈಕೆಲ್ ಅದೇ ಜಾಗದಲ್ಲಿ ಗೇಣಿದಾರ.

ಹೊನೋರಾಳ ಸುಳಿವು ಸಿಕ್ಕಿದ್ದು ಪ್ಯಾರಿಷ್ ರಿಜಿಸ್ಟರಿನ ಹಳೆಯ ಪುಟದ ಅಂಚಿನಲ್ಲೇ. 1908ರಿಂದ, ಜ್ಞಾನಸ್ನಾನದ ನಮೂದಿನ ಪಕ್ಕ ಮದುವೆಯನ್ನೂ ಗುರುತಿಸಬೇಕೆಂದು ಚರ್ಚ್ ನಿಯಮ ಮಾಡಿತು. ಅವಳು ಆಮೇಲೆ ಬಾಸ್ಟನ್‌ನಲ್ಲಿ ಮದುವೆಯಾಗಿದ್ದರಿಂದ ಅಲ್ಲಿನ ಪಾದ್ರಿಯ ಪತ್ರ ಬಂದು ಇಲ್ಲಿ ಗಂಡನ ಹೆಸರು ಸೇರಿತ್ತು. ಅದನ್ನು ಹಿಡಿದು ಅಮೆರಿಕದ ಜನಗಣತಿಯಲ್ಲಿ 1950ರವರೆಗೆ ಬಂದೆ. ಈಗ ಅವಳ ಮೊಮ್ಮಗಳೂ ನಮ್ಮ ಅತ್ತೆಯವರೂ ಫೋನಿನಲ್ಲಿ ಮಾತಾಡುತ್ತಾರೆ. ಜೊಹಾನಾಳ ತವರು ಇನ್ನೂ ಬಾಕಿ ಇದೆ. ಅವಳ ಪ್ಯಾರಿಷ್ ರಿಜಿಸ್ಟರಿನಲ್ಲಿ ನಡುವೆ ಕೆಲವು ವರ್ಷಗಳ ಪುಟಗಳಿಲ್ಲ, ಹಾಗಾಗಿ ಈ ಸಲ ಶಾಲೆಯಿಂದಲೇ ಶುರುಮಾಡಿದ್ದೇನೆ.