ಗಂಟಿಲ್ಲದ ಗೋಪುರ: ಗವಂತಿ ಹೊಲಿಗೆ ಕಲಿತ ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಗವಂತಿಯಲ್ಲಿ ಒಂದು ಗೋಪುರ ಹಾಕಿ ಮುಗಿಸಿದೆ. ಗವಂತಿ ಅಂದರೆ ಧಾರವಾಡ ಕಸೂತಿಯ ಒಂದು ಹೊಲಿಗೆ, ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ವಾಪಸು ಬರುವಾಗ ಖಾಲಿ ತುಂಬುವುದು. ಅಗಲ ಸುಮಾರು 5 ಇಂಚು. ಕಪ್ಪು ಬಟ್ಟೆ, ಬಿಳಿ ದಾರ. ತಿರುಗಿಸಿ ಹಾಕಿದರೂ ಅದೇ ಗೋಪುರ. ಎಲ್ಲೂ ಗಂಟಿಲ್ಲ. ಇದು ನಿನ್ನ ಕೈಲಿ ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ಕ್ಲಾಸಿನ ಮೇಡಂ ಅಂದರು, ಬ್ಲೌಸ್ ಹೊಲಿದುಕೊಡುವವರು ಅಂದರು. ನಮ್ಮ ಅತ್ತಿಗೆಯಂತೂ "ಸಾಗರದ ಮಳೆಯಲ್ಲಿ ಕೂತು ಧಾರವಾಡದ ಕಸೂತಿ ಹಾಕ್ತೀಯಾ? ಸುಮ್ನೆ ಹಲಸಿನ ಹಪ್ಪಳ ಮಾಡಿ ಮಾರು, ನಾಲ್ಕು ಕಾಸಾದರೂ ಬರುತ್ತೆ" ಅಂದರು. ನನಗೆ ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿಯೇ ಹಿಡಿಯಿತು. ಆದರೆ ಬಂತು. ಗವಂತಿಯಲ್ಲಿ ಸಿಕ್ಕಿಹಾಕಿಕೊಂಡು ಕೈಬಿಟ್ಟವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಸೀರೆಯಿಂದ. ನಮ್ಮೂರಿನ ಮೇಷ್ಟರ ಮನೆಗೆ ಧಾರವಾಡದಿಂದ ಅವರ ತಾಯಿ ಬಂದಿದ್ದರು. ಟ್ರಂಕಿನಿಂದ ಒಂದು ಕಪ್ಪು ಚಂದ್ರಕಾಳಿ ಸೀರೆ ತೆಗೆದು ತೋರಿಸಿದರು. ಅವರಮ್ಮನ ಮದುವೆಯದಂತೆ. ಸೆರಗಿನ ತುಂಬಾ ಗೋಪುರ, ತೇರು, ಆನೆ, ತುಳಸಿಕಟ್ಟೆ. ನಾನು ಅಭ್ಯಾಸದ ಪ್ರಕಾರ ಹಿಂದೆ ತಿರುಗಿಸಿದೆ. ಕೆಲಸ ಗೊತ್ತಿರುವವರು ಮೊದಲು ನೋಡುವುದೇ ಹಿಂಬದಿ, ಅಲ್ವಾ? ಹಿಂಬದಿ ಇರಲೇ ಇಲ್ಲ. ಎರಡೂ ಮುಂದೆಯೇ. "ಹಿಂದ ಮುಂದ ಅನ್ನೂದ ಇಲ್ಲ ತಂಗಿ ಇದಕ್ಕ" ಅಂದರು ಅಜ್ಜಿ. ಹೇಗೆ ಅಂತ ಕೇಳಿದೆ. "ಹ್ವಾದ ಹಾದಿಲೇ ಹೊಳ್ಳಿ ಬಾ, ಅಷ್ಟ" ಅಂದರು, ಹೋದ ದಾರಿಯಲ್ಲೇ ತಿರುಗಿ ಬಾ ಅಂತ. ಅವರ ಕಣ್ಣು ಮಂಜಾಗಿತ್ತು, ಸೂಜಿ ಹಿಡಿದು ತೋರಿಸಲು ಆಗಲಿಲ್ಲ. ಆ ಮಾತು ನನಗೆ ಅರ್ಥವಾಗಲು ಒಂದೂವರೆ ವರ್ಷ ಬೇಕಾಯಿತು.

ಶಿವಮೊಗ್ಗದಲ್ಲಿ ಒಂದು ಕ್ಲಾಸಿಗೆ ಸೇರಿದೆ. 3,000 ರೂಪಾಯಿ ಫೀಸು, ವಾರಕ್ಕೆ ಎರಡು ದಿನ, ಬಸ್ಸಿನ ಖರ್ಚು ಬೇರೆ. ಕಸೂತಿಯ ಹೊಲಿಗೆಗಳಲ್ಲಿ ಮೆಂತೆ ಒಂದೇ ದಿನಕ್ಕೆ ಬಂತು, ಅದು ಕ್ರಾಸ್ ಸ್ಟಿಚ್ ತಾನೇ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರ್ಗಿಯೂ ಬಂತು. ಗವಂತಿಗೆ ಬಂದಾಗ ಮೇಡಂ ಒಂದು ಸಾಲು ಹೋಗಿ ಬರುವುದನ್ನು ಕಲಿಸಿದರು. ಗೋಪುರಕ್ಕೆ ಬಂದಾಗ "ಅಲ್ಲಲ್ಲಿ ಗಂಟು ಹಾಕಿ ಮುಂದೆ ಹೋಗಿ, ಹಿಂದೆ ಯಾರು ನೋಡ್ತಾರೆ" ಅಂದರು. ನಾನು ನೋಡುತ್ತೇನಲ್ಲ! ಹಾಗೆ ಹೇಳಲು ಧೈರ್ಯ ಬರಲಿಲ್ಲ. ಎರಡು ತಿಂಗಳಿಗೆ ಬಿಟ್ಟೆ.

ಆಮೇಲೆ ಮನೆಯಲ್ಲೇ ಶುರು. ಮೊದಲ ವರ್ಷದ ಕಥೆ ಪೂರ್ತಿ ನಷ್ಟದ್ದು. ಇಳಕಲ್ ಸೀರೆಯೊಂದನ್ನು ಸುಮಾರು 1,800 ಕೊಟ್ಟು ತಂದೆ. ಎಳೆ ಎಣಿಸಲು ಸುಲಭವಾಗಲಿ ಅಂತ ಸೆರಗಿನ ಮೇಲೆ ಕ್ಯಾನ್ವಾಸ್ ಬಟ್ಟೆ ಇಟ್ಟು ಕಚ್ಚಾ ಹೊಲಿಗೆ ಹಾಕಿ 20 ದಿನ ಕೂತೆ. ಗೋಪುರ ಚೆನ್ನಾಗಿಯೇ ಬಂದಿತ್ತು. ಕೆಲಸ ಮುಗಿದ ಮೇಲೆ ಆ ಕ್ಯಾನ್ವಾಸಿನ ಎಳೆ ಒಂದೊಂದಾಗಿ ತೆಗೆಯಲು ಹೋದರೆ ಅರ್ಧದಷ್ಟು ಬರಲೇ ಇಲ್ಲ. ಸೂಜಿ ಕ್ಯಾನ್ವಾಸಿನ ಎಳೆಯನ್ನೇ ಸೀಳಿಕೊಂಡು ಹೋಗಿತ್ತು. ಒದ್ದೆ ಮಾಡಿದರೆ ಗಂಜಿ ಬಿಟ್ಟು ಮೆತ್ತಗಾಗುತ್ತದೆ ಅಂತ ನೀರು ಚಿಮುಕಿಸಿದೆ. ಮೆತ್ತಗಾಯಿತು. ಜೊತೆಗೆ ಕೆಂಪು ದಾರ ಬಣ್ಣ ಬಿಟ್ಟಿತು. ಅದೊಂದು ಲಡಿಯನ್ನು ಮಾತ್ರ, ಪಕ್ಕಾ ಬಣ್ಣ ಅಂತ ಅಂಗಡಿಯವರು ಹೇಳಿದ್ದನ್ನು ನಂಬಿ ತಂದದ್ದು, 5 ರೂಪಾಯಿ ಕಡಿಮೆಗೆ. ಉಪ್ಪು ಹಾಕಿದೆ, ವಿನಿಗರ್ ಹಾಕಿದೆ, ಏನೂ ಆಗಲಿಲ್ಲ. ಬಿಳಿ ದಾರದ ಸಾಲುಗಳೆಲ್ಲ ಗುಲಾಬಿ. ಆ ಸೀರೆ ಈಗಲೂ ಕಪಾಟಿನಲ್ಲಿದೆ. ಅದಾದ ಮೇಲೆ ಯಾವ ದಾರವೇ ಆಗಲಿ, ಬಿಳಿ ಬಟ್ಟೆಯ ತುಂಡಿನ ಮೇಲೆ ಒದ್ದೆ ಮಾಡಿ ಒಂದು ರಾತ್ರಿ ಇಡದೆ ಸೂಜಿಗೆ ಪೋಣಿಸಿಲ್ಲ.

ಕ್ಯಾನ್ವಾಸ್ ಸರಿಯಾಗಿ ಬಿಟ್ಟಾಗಲೂ ಇನ್ನೊಂದು ತೊಂದರೆ ಇತ್ತು. ಅದರ ದಪ್ಪದಷ್ಟು ಹೊಲಿಗೆ ಸಡಿಲ ಬೀಳುತ್ತದೆ. ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ. ನಾಲ್ಕು ಬ್ಲೌಸ್ ಪೀಸು ಹೀಗೇ ಹೋದವು, ಒಂದಕ್ಕೆ 250ರ ಹಾಗೆ. ಆ ವರ್ಷದ ಲೆಕ್ಕ ಕ್ಲಾಸು ಸೇರಿ 8,000 ದಾಟಿತ್ತು. ನಮ್ಮವರು ಏನೂ ಹೇಳಲಿಲ್ಲ. ಅಡಿಕೆಗೆ ಔಷಧಿ ಹೊಡೆಸಿದ ಲೆಕ್ಕ ಬರೆಯುವ ಪುಸ್ತಕದಲ್ಲಿ ಇದನ್ನೂ ಬರೆದಿಟ್ಟಿದ್ದರು. ಅದನ್ನು ನೋಡಿ ನನಗೇ ಛಲ ಬಂತು.

ಈಗ ಮುಖ್ಯ ವಿಷಯ. ನೇರ ಸಾಲು, ಕವಲು, ಇವೆರಡೂ ನನಗೆ ಬರುತ್ತಿದ್ದವು. ಮುಖ್ಯ ಸಾಲಿನಲ್ಲಿ ಹೋಗುತ್ತಾ ಕವಲು ಸಿಕ್ಕಿದ ಕೂಡಲೇ ಅದರೊಳಗೆ ಹೋಗಿ, ತುದಿ ಮುಟ್ಟಿ, ಖಾಲಿ ತುಂಬುತ್ತಾ ವಾಪಸು ಬಂದು, ಮತ್ತೆ ಮುಖ್ಯ ಸಾಲು ಹಿಡಿಯುವುದು. ನಿಮಗೆಲ್ಲ ಗೊತ್ತಿರುವುದೇ. ಕವಲಿನಲ್ಲಿ ಎಷ್ಟೇ ಹೊಲಿಗೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ತಪ್ಪುತ್ತಿದ್ದದ್ದು ಮುಚ್ಚಿದ ಆಕಾರದಲ್ಲಿ. ಗೋಪುರದ ಒಳಗಿನ ಚೌಕ, ವಜ್ರಾಕಾರ ಬಂದಲ್ಲೆಲ್ಲ ದಾರ ಹಳೆ ಹೊಲಿಗೆಯ ಮೇಲೇ ಕೂರುತ್ತಿತ್ತು, ಖಾಲಿ ಜಾಗ ಖಾಲಿಯೇ ಉಳಿಯುತ್ತಿತ್ತು. ನಾನು ಎಣಿಸುವುದರಲ್ಲಿ ತಪ್ಪು ಅಂದುಕೊಂಡು ಬಿಚ್ಚಿ ಬಿಚ್ಚಿ ಹಾಕಿದೆ. ಒಂದೇ ಗೋಪುರವನ್ನು 6 ಸಲ ಬಿಚ್ಚಿದ ನೆನಪಿದೆ. ಬಟ್ಟೆ ಜಾಳಾಗಿ ಹೋಯಿತು.

ಒಂದು ಜುಲೈ ರಾತ್ರಿ ಕರೆಂಟು ಹೋಗಿ ಮೂರು ದಿನವಾಗಿತ್ತು. ಸೂಜಿ ಹಿಡಿಯುವಷ್ಟು ಬೆಳಕಿಲ್ಲ. ಮಗಳ ಗ್ರಾಫ್ ಪುಸ್ತಕ ತೆಗೆದು, ಚಾರ್ಜ್ ಲೈಟಿನ ಕೆಳಗೆ ಸುಮ್ನೆ ಒಂದು ಚೌಕ ಬರೆದೆ. ನಾಲ್ಕೇ ಹೊಲಿಗೆ. ಬಟ್ಟೆಯ ಮೇಲೆ ಬರುವ ಹೊಲಿಗೆಗೆ ಕೆಂಪು ಪೆನ್ನು, ಬಟ್ಟೆಯ ಕೆಳಗೆ ಹೋಗುವುದಕ್ಕೆ ನೀಲಿ. ಕೆಂಪು, ನೀಲಿ, ಕೆಂಪು, ನೀಲಿ. ಹೊರಟಲ್ಲಿಗೇ ಬಂದೆ. ಮತ್ತೆ ಅದೇ ದಿಕ್ಕಿಗೆ ಸುತ್ತಿದರೆ? ಮೊದಲನೆಯದು ಮತ್ತೆ ಕೆಂಪು! ಕೆಂಪಿನ ಮೇಲೆ ಕೆಂಪು, ನೀಲಿಯ ಮೇಲೆ ನೀಲಿ. ಪ್ರದಕ್ಷಿಣೆ ಹಾಕಿದ ಹಾಗೆ ಎಷ್ಟು ಸುತ್ತು ಬಂದರೂ ಖಾಲಿ ತುಂಬುವುದಿಲ್ಲ. ಉಲ್ಟಾ ತಿರುಗಿದೆ. ಕೊನೆಯ ಹೊಲಿಗೆ ನೀಲಿ, ಅದರ ಮೇಲೆ ಈಗ ಕೆಂಪು ಬಂತು. ಅದರ ಹಿಂದಿನದಕ್ಕೆ ನೀಲಿ. ನಾಲ್ಕೂ ತುಂಬಿದವು. "ಹ್ವಾದ ಹಾದಿಲೇ ಹೊಳ್ಳಿ ಬಾ" ಅಂದರೆ ಇದು. ನಾನು ಹೋದ ಹಾದಿಯಲ್ಲಿ ಮತ್ತೆ ಹೋಗುತ್ತಿದ್ದೆ, ಹೊಳ್ಳಿ ಬರುತ್ತಿರಲಿಲ್ಲ.

ಆಮೇಲೆ 3 ಹೊಲಿಗೆಯ ತ್ರಿಕೋನ ಬರೆದೆ. ಅದರಲ್ಲಿ ಒಂದೇ ದಿಕ್ಕಿಗೆ ಎರಡು ಸುತ್ತು ಹಾಕಿದರೂ ತುಂಬುತ್ತದೆ. ಐದರದ್ದೂ ತುಂಬಿತು. ಸಮಸಂಖ್ಯೆ ಆದರೆ ಉಲ್ಟಾ ತಿರುಗಲೇಬೇಕು, ಬೆಸಸಂಖ್ಯೆ ಆದರೆ ಹೇಗೂ ನಡೆಯುತ್ತದೆ. ಕಸೂತಿಯ ಚೌಕ, ವಜ್ರ ಎಲ್ಲ ಸಮಸಂಖ್ಯೆಯವೇ. ಅದಕ್ಕೇ ಎಲ್ಲರೂ ಅಲ್ಲೇ ಎಡವುವುದು. ಆ ರಾತ್ರಿ ಬೆಳಗಿನ ಜಾವದವರೆಗೆ ಕೂತು ಇಡೀ ಗೋಪುರದ ದಾರಿ ಬರೆದೆ. ಈಗ ಯಾವ ವಿನ್ಯಾಸವೇ ಬರಲಿ, ಮೊದಲು ಎರಡು ಪೆನ್ನಿನಲ್ಲಿ ದಾರಿ ಬರೆಯದೆ ಸೂಜಿ ಮುಟ್ಟುವುದಿಲ್ಲ. ಒಂದು ಸಂಜೆ ಹೋಗುತ್ತದೆ, ಹತ್ತು ದಿನ ಬಿಚ್ಚುವುದು ತಪ್ಪುತ್ತದೆ. ಎರಡು ಚೌಕ ಒಂದೇ ಗೋಡೆ ಹಂಚಿಕೊಂಡಿದ್ದರೆ ಆ ಗೋಡೆಯನ್ನು ಒಂದರ ಲೆಕ್ಕಕ್ಕೆ ಮಾತ್ರ ಹಿಡಿಯಿರಿ, ಇನ್ನೊಂದನ್ನು ಕವಲು ಅಂದುಕೊಳ್ಳಿ.

ಎರಡನೇ ಬದಲಾವಣೆ ಬಟ್ಟೆಯದು. ಕ್ಯಾನ್ವಾಸ್ ಬಿಟ್ಟೇ ಬಿಟ್ಟೆ. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ನಮಗೆ ಹತ್ತಿರ. ಎಳೆ ಕಣ್ಣಿಗೆ ಕಾಣುತ್ತದೆ, ನೇರವಾಗಿ ಎಣಿಸಬಹುದು. ನಾಲ್ಕು ಎಳೆಗೆ ಒಂದು ಹೊಲಿಗೆ. ಸೂಜಿ ಮೊಂಡು ಮೊನೆಯದು, 24ನೇ ನಂಬರು. ಕ್ಯಾನ್ವಾಸ್ ಇಲ್ಲದೆ ನೇರ ಬರಲು ಸಾಧ್ಯವೇ ಇಲ್ಲ ಅಂದಿದ್ದರು. ಬಂತು. ಆದರೆ ಮೊದಲ ಆನೆ ಎತ್ತರಕ್ಕೆ ಎಳೆದಂತಾಯಿತು. ಯಾಕೆ ಅಂತ ಭೂತಗನ್ನಡಿ ಹಿಡಿದು ಎಣಿಸಿದೆ. ಆ ತುಂಡಿನಲ್ಲಿ ಒಂದು ಇಂಚಿಗೆ ಹಾಸು (ಉದ್ದದ ಎಳೆ) 44ರ ಹತ್ತಿರ, ಹೊಕ್ಕು (ಅಡ್ಡ ಎಳೆ) 36ರ ಹತ್ತಿರ. ಹೊಕ್ಕು ಕಡಿಮೆ ಇದ್ದರೆ ಮೇಲೆ ಕೆಳಗಿನ ಹೊಲಿಗೆ ಉದ್ದವಾಗುತ್ತದೆ. ಈಗ ಪ್ರತಿ ತುಂಡನ್ನೂ ಎಣಿಸಿ, ವ್ಯತ್ಯಾಸ ಜಾಸ್ತಿ ಇದ್ದರೆ ವಿನ್ಯಾಸದಲ್ಲೇ ಒಂದೆರಡು ಸಾಲು ಕಡಿಮೆ ಮಾಡುತ್ತೇನೆ. ಗೋಪುರಕ್ಕೆ ಇದು ಅಷ್ಟು ಕಾಣುವುದಿಲ್ಲ, ಆನೆಗೆ ತಕ್ಷಣ ಕಾಣುತ್ತದೆ.

ಮಳೆಗಾಲದ ಬಗ್ಗೆ ಎರಡು ಮಾತು. ಸೂಜಿ ತುಕ್ಕು ಹಿಡಿಯುತ್ತದೆ, ಬಿಳಿ ಬಟ್ಟೆಗೆ ಬೂಷ್ಟು ಬರುತ್ತದೆ. ಅಕ್ಕಿ ಡಬ್ಬದಲ್ಲಿ ಸೂಜಿ ಇಡುತ್ತೇನೆ. ಹಾಕುತ್ತಿರುವ ಬಟ್ಟೆಯನ್ನು ರಾತ್ರಿ ಬಚ್ಚಲ ಒಲೆಯ ಮೇಲಿನ ತಂತಿಗೆ ತೂಗುಹಾಕುತ್ತಿದ್ದೆ. ಹೊಗೆ ವಾಸನೆ ಹಿಡಿಯಿತು. ಈಗ ಮಡಿಚಿ, ಸ್ಟೀಲಿನ ದೊಡ್ಡ ಡಬ್ಬಿಯಲ್ಲಿಟ್ಟು ಮುಚ್ಚುತ್ತೇನೆ.

ಇದರ ಮಧ್ಯೆ ಬೇರೆ ಹುಚ್ಚೂ ಹಿಡಿಯಿತು. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಕೈಗೆ ತಾಗಿದರೆ ವಾರ ಹೋಗುವುದಿಲ್ಲ. ಹಾಗಾದರೆ ದಾರಕ್ಕೆ ಯಾಕೆ ಹಾಕಬಾರದು? ಬಿಳಿ ದಾರದ 10 ಲಡಿ ತಂದೆ, ಒಂದಕ್ಕೆ 15 ರೂಪಾಯಿ ಆಸುಪಾಸು. ಮೊದಲ ಸಲ ಹಾಗೇ ಅದ್ದಿದೆ. ಕಲೆ ಕಲೆಯಾಗಿ ಹಿಡಿಯಿತು, ಒಗೆದರೆ ಅರ್ಧ ಹೋಯಿತು. ಎರಡನೇ ಸಲ ಅಂಟುವಾಳದಲ್ಲಿ ತೊಳೆದು, ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಚೊಗರಿನಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿದೆ. ಚಂದದ ಕಂದು ಬಂತು. ಕೊನೆಗೆ ಸುಣ್ಣದ ತಿಳಿಯಲ್ಲಿ ಅದ್ದಿದರೆ ಕೆಂಪಿಗೆ ತಿರುಗುತ್ತದೆ. ಕವಳ (ಎಲೆ ಅಡಿಕೆ) ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಕ್ಕು ಮೊಳೆ ನೆನೆಸಿದ ನೀರಿಗೆ ಹಾಕಿದ್ದು ಬಹುತೇಕ ಕಪ್ಪಾಯಿತು, ಆದರೆ ಆ ದಾರ ಸ್ವಲ್ಪ ದಿನಕ್ಕೆ ಹರಿಯಲು ಶುರುವಾಯಿತು. ಅದನ್ನು ಬಿಟ್ಟೆ. ಸುಣ್ಣ ಎಷ್ಟು, ಎಷ್ಟು ಹೊತ್ತು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಮೂರು ಸೀಸನ್ ಹಾಳು ಮಾಡಿ ಕಂಡುಕೊಂಡದ್ದು.

ಇನ್ನೊಂದು ಚಿತ್ತಾರದ್ದು. ನಮ್ಮ ಕಡೆ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಗೊತ್ತು, ಅದೆಲ್ಲ ನೇರ ಗೆರೆ, ಓರೆ ಗೆರೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಗವಂತಿಗೆ ಹೇಳಿ ಮಾಡಿಸಿದ ಹಾಗಿದೆ. ಪಕ್ಕದೂರಿನಲ್ಲಿ ಚಿತ್ತಾರ ಬರೆಯುವ ಅಕ್ಕ ಒಬ್ಬರಿದ್ದಾರೆ. ಅವರ ಹತ್ತಿರ ಹೋಗಿ, ನಿಮ್ಮ ಎಳೆಯನ್ನು ದಾರದಲ್ಲಿ ಹಾಕಲಾ ಅಂತ ಕೇಳಿದೆ. "ಹಾಕು, ಆದರೆ ಮದುವೆ ಹಸೆಯದ್ದನ್ನು ಕಾಲು ಒರೆಸುವುದಕ್ಕೆ ಹಾಕಬೇಡ" ಅಂದರು. ಕಂದು ಬಟ್ಟೆಗೆ ಬಿಳಿ ದಾರದಲ್ಲಿ ಒಂದು ಅಂಚು ಹಾಕಿ ಮೊದಲನೆಯದನ್ನು ಅವರಿಗೇ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಮೂಲೆಯಲ್ಲಿ ಒಂದು ಎಳೆ ತಪ್ಪಿದೆ ಅಂದರು. ನಿಜ, ತಪ್ಪಿತ್ತು. ಅದನ್ನು ಸರಿ ಮಾಡಿಕೊಟ್ಟೆ.

ದುಡ್ಡಿನ ವಿಷಯ. ಒಟ್ಟು ಖರ್ಚು 14,000 ಹತ್ತಿರ ಹತ್ತಿರ. ಮೊದಲ ದೊಡ್ಡ ಆರ್ಡರು ಒಂದು ಸೀರೆಯ ಸೆರಗು, 9 ಗೋಪುರ, ನಡುವೆ ಸಣ್ಣ ತುಳಸಿಕಟ್ಟೆ. ದಿನಕ್ಕೆ ಎರಡೂವರೆ ಗಂಟೆಯ ಹಾಗೆ 70 ದಿನ ಹಿಡಿಯಿತು. ಕೂಲಿ 7,500 ತೆಗೆದುಕೊಂಡೆ. ಲೆಕ್ಕ ಹಾಕಿದರೆ ಗಂಟೆಗೆ 43 ರೂಪಾಯಿ. ಅಡಿಕೆ ಸುಲಿಯಲು ಹೋದರೂ ಅದಕ್ಕಿಂತ ಸಿಗುತ್ತದೆ. ಈಗ ಅಷ್ಟೇ ಕೆಲಸಕ್ಕೆ 11,000 ಹೇಳುತ್ತೇನೆ, ಕಡಿಮೆ ಮಾಡುವುದಿಲ್ಲ. ಹೆಚ್ಚಾಯಿತು ಅಂದವರಿಗೆ ಸೆರಗು ತಿರುಗಿಸಿ ತೋರಿಸುತ್ತೇನೆ. ಮೂವರಲ್ಲಿ ಇಬ್ಬರು ಒಪ್ಪುತ್ತಾರೆ. ಕಸೂತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ಹಾಗಾಗಿ ನಾನು ಮಾರುವಾಗ ಧಾರವಾಡದ್ದು ಅಂತ ಹೇಳುವುದಿಲ್ಲ, ಸಾಗರದ ಕಡೆ ಹಾಕಿದ ಗವಂತಿ ಅಂತಲೇ ಹೇಳುತ್ತೇನೆ. ಅತ್ತಿಗೆ ತಮ್ಮ ಮಗಳ ಮದುವೆಗೆ ಎರಡು ಬ್ಲೌಸಿಗೆ ಕಸೂತಿ ಹಾಕಿಸಿಕೊಂಡರು, ದುಡ್ಡು ಕೊಟ್ಟೇ.

ಗಂಟಿಲ್ಲದೆ ದಾರ ಶುರು ಮಾಡುವುದು, ಮುಗಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅರ್ಧ ಹೇಳುತ್ತೇನೆ. ಬಾಲವನ್ನು ಒಂದು ಗೇಣು ಹೊರಗೆ ಬಿಟ್ಟು ಶುರು ಮಾಡಿ, ವಾಪಸು ಬರುವಾಗ ಅದನ್ನು ಹೊಲಿಗೆಯ ಕೆಳಗೇ ಸೇರಿಸಿ. ಎರಡೂ ಕಡೆ ಕಾಣದ ಹಾಗೆ ಎಲ್ಲಿ ಸೇರಿಸಬೇಕು ಅನ್ನುವುದನ್ನು ಕೈಯಲ್ಲೇ ತೋರಿಸಬೇಕು. ಮನೆಗೆ ಬಂದರೆ ತೋರಿಸುತ್ತೇನೆ, ಬರುವಾಗ ನಿಮ್ಮದೇ ಸೂಜಿ ತನ್ನಿ. ಒಂದು ಸಲಕ್ಕೆ ಒಂದೂವರೆ ಮೊಳಕ್ಕಿಂತ ಉದ್ದ ದಾರ ತೆಗೆದುಕೊಳ್ಳಬೇಡಿ, 6 ಎಳೆಯಲ್ಲಿ ಎರಡೇ ಸಾಕು.

ಈಗ ಕಸೂತಿಯ ಇನ್ನೊಂದು ಹೊಲಿಗೆ, ನೇಯ್ದಂತೆ ಕಾಣುವ ನೇಗಿ ಹಿಡಿದಿದ್ದೇನೆ. ಚೊಗರಿನ ಮೂರು ಬಣ್ಣ ಇಟ್ಟುಕೊಂಡು ಒಂದು ತೇರು. ದಾರ ಸಾಲುವ ಹಾಗೆ ಕಾಣುತ್ತಿಲ್ಲ. ಈ ವರ್ಷದ ಅಡಿಕೆ ಕೊಯ್ಲು ಆಗಿ ಹೊಸ ಚೊಗರು ಸಿಗುವವರೆಗೆ ಚಕ್ರಗಳು ಹಾಗೇ ಇರಬೇಕು.